ಬೆನ್ನ ಮೇಲಿನ ಇತಿಹಾಸ: ಹಸಿಬೆಯಿಂದ ಕಾಲೇಜು ಬ್ಯಾಗಿನವರೆಗೆ

ಭಾಗ 1/6

ಫೋಟೊದಲ್ಲಿ ಇರೋದು ನನ್ನ ಹಳೇ ಬ್ಯಾಗ್. ಎಡಗಡೆ ಪಟ್ಟಿ ಬುಡದಲ್ಲೇ ಕಿತ್ತು ಬಂದಿದೆ, ಕಾಣ್ತಿದೆ ಅಲ್ವಾ? ಕಳೆದ ಅಕ್ಟೋಬರ್‌ನಲ್ಲಿ ತೀರ್ಥಹಳ್ಳಿ ದಾಟಿ ಕವಲೇದುರ್ಗಕ್ಕೆ ಹೋಗಿದ್ವಿ. ಕೋಟೆ ಹತ್ತುವಾಗ ಅರ್ಧ ದಾರಿಯಲ್ಲೇ ಪಟಕ್ ಅಂತ ಸದ್ದಾಯ್ತು. ಉಳಿದ ದಾರಿ ಪೂರ್ತಿ ಒಂದೇ ಹೆಗಲಲ್ಲಿ ಹೊತ್ತುಕೊಂಡು ಹತ್ತಿ ಇಳಿದೆ. ಮಾರನೇ ದಿನ ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬಸ್ಸಲ್ಲಿ ನಿಂತುಕೊಂಡು ಬರುವಾಗ ಕತ್ತು ತಿರುಗಿಸೋಕೂ ಆಗ್ತಿರಲಿಲ್ಲ.

ಹೊಸ ಬ್ಯಾಗ್ ಬೇಕು. ಕೈಯಲ್ಲಿದ್ದದ್ದು ₹1500. ಕಾಲೇಜಿಗೂ ಆಗಬೇಕು, ದಿನಾ ಬಸ್ಸಿಗೂ ಆಗಬೇಕು, ಭಾನುವಾರ ಬೆಟ್ಟ ಹತ್ತೋಕೂ ಆಗಬೇಕು. ಮೂರು ಬ್ಯಾಗ್ ಕೊಳ್ಳೋ ಸ್ಥಿತಿ ನಮ್ಮಲ್ಲಿ ಯಾರಿಗಿದೆ ಹೇಳಿ!

ಅಂಗಡಿ ಸುತ್ತೋ ಮುಂಚೆ ಒಂದು ಕುತೂಹಲ ಹುಟ್ಟಿತು. ಬೆನ್ನಿಗೆ ಬ್ಯಾಗ್ ಹಾಕೋ ಅಭ್ಯಾಸ ನಮಗೆ ಎಲ್ಲಿಂದ ಬಂತು? ಅಜ್ಜಿಯನ್ನ ಕೇಳಿದೆ, ಅಪ್ಪನನ್ನ ಕೇಳಿದೆ, ಓದಿದೆ. ಸಿಕ್ಕಿದ್ದನ್ನ ಆರು ಪೋಸ್ಟ್‌ನಲ್ಲಿ ಹೇಳ್ತೀನಿ. ಕೊನೆಯದರಲ್ಲಿ ಯಾವ ಥರದ ಬ್ಯಾಗ್ ಕೊಂಡೆ ಅಂತಾನೂ ಇದೆ. ಆದರೆ ನೇರವಾಗಿ ಅಲ್ಲಿಗೆ ಹಾರಬೇಡಿ, ನಡುವೆ ನನ್ನ ತಂಗಿಯ ಕಥೆಯೊಂದಿದೆ.

ಭಾಗ 2/6

ಅಜ್ಜಿ ಮನೆ ಅಟ್ಟದ ಫೋಟೊ ಇದು. ಮೂಲೆಯಲ್ಲಿ ಮಡಚಿಟ್ಟಿರೋ ಉದ್ದನೆಯ ಬಟ್ಟೆ ಚೀಲ ನೋಡಿ. ಅದರ ಹೆಸರು ಹಸಿಬೆ. ಬಾಯಿ ಇರೋದು ಮಧ್ಯದಲ್ಲಿ, ತುಂಬೋದು ಎರಡೂ ಕಡೆ. ಹೆಗಲ ಮೇಲೆ ಹಾಕಿಕೊಂಡರೆ ಅರ್ಧ ಭಾರ ಎದೆ ಕಡೆ, ಅರ್ಧ ಬೆನ್ನ ಕಡೆ. ಸಂತೆಗೆ, ದೂರದ ಊರಿಗೆ ನಡೆದು ಹೋಗೋರು ಅಕ್ಕಿ, ಬೆಲ್ಲ, ಬಟ್ಟೆ ಎಲ್ಲಾ ಇದರಲ್ಲೇ ಒಯ್ತಿದ್ರು. ಭಾರ ಎರಡೂ ಕಡೆ ಸಮ ಇದ್ದರೆ ಮೈ ವಾಲಲ್ಲ ಅನ್ನೋದನ್ನ ಈ ಚೀಲ ಹೊಲಿದವರು ಯಾವ ಪುಸ್ತಕ ಓದಿ ಕಲಿತದ್ದಲ್ಲ.

ಇನ್ನು ತಲೆ ಹೊರೆ. ಬಟ್ಟೆ ಸುತ್ತಿ ಮಾಡಿದ ಸಿಂಬಿಯನ್ನ ತಲೆ ಮೇಲಿಟ್ಟು ಅದರ ಮೇಲೆ ಕೊಡ, ಬುಟ್ಟಿ, ಸೌದೆ. ತೂಕ ನೇರವಾಗಿ ಬೆನ್ನುಮೂಳೆಗೆ ಇಳಿಯುತ್ತೆ, ಕೈ ಮತ್ತು ಹೆಗಲು ಸೋಲಲ್ಲ. ಸುಲಭ ಅಂತ ಹೇಳ್ತಿಲ್ಲ. ನಮ್ಮಜ್ಜಿ ಇವತ್ತಿಗೂ ಕತ್ತು ಹಿಡಿದುಕೊಂಡೇ ಆ ದಿನಗಳ ಮಾತಾಡೋದು.

ಜಂಗಮರ ಹೆಗಲಲ್ಲಿ ಜೋಳಿಗೆ ಇರ್ತಿತ್ತು. ಎಲೆಯಡಿಕೆಗೆ ಸೊಂಟದ ಸಂಚಿ ಇತ್ತು. ಮನುಷ್ಯರಿಂದ ಆಗದ ಭಾರಕ್ಕೆ ಹೇರೆತ್ತುಗಳಿದ್ವು. ಗಾಡಿ ರಸ್ತೆ ಇಲ್ಲದ ಕಾಲದಲ್ಲಿ ಮಲೆನಾಡಿನ ಮೆಣಸು, ಅಡಿಕೆ ಘಟ್ಟ ಇಳಿದದ್ದು, ಕರಾವಳಿಯ ಉಪ್ಪು ಘಟ್ಟ ಹತ್ತಿದ್ದು ಎತ್ತಿನ ಬೆನ್ನ ಮೇಲೆ. ಅಲ್ಲೂ ಅದೇ ನಿಯಮ, ಎರಡೂ ಪಕ್ಕೆಗೆ ಸಮ ತೂಕ.

ಮಳೆಗೆ ಏನು ಮಾಡ್ತಿದ್ರು ಗೊತ್ತಾ? ಕಂಬಳಿ ಕೊಪ್ಪೆ ಮತ್ತು ಗೊರಬು. ಎಲೆ, ಬಿದಿರಿನ ಸೀಳಿಂದ ಹೆಣೆದ ಗೊರಬು ತಲೆಯಿಂದ ಸೊಂಟದವರೆಗೆ ಬೆನ್ನನ್ನ ಮುಚ್ಚುತ್ತೆ. ಬಗ್ಗಿ ನಾಟಿ ಮಾಡುವಾಗಲೂ ನೀರು ಜಾರಿ ಹೋಗುತ್ತೆ. ನಿಮ್ಮ ಬ್ಯಾಗಿನ ರೈನ್ ಕವರ್‌ಗೆ ಅಜ್ಜಿ ಅಂತ ಒಬ್ಬಳಿದ್ದರೆ ಅವಳು ಇವಳೇ.

ಪ್ರತಿ ಚೀಲಕ್ಕೂ ಒಂದು ಕೆಲಸ ಗೊತ್ತಿತ್ತು. ಏನು ಹೊರಬೇಕು, ಎಷ್ಟು ದೂರ, ಎಂಥ ಮಳೆಯಲ್ಲಿ ಅನ್ನೋದು ಮೊದಲು. ಚೀಲ ಆಮೇಲೆ.

ಭಾಗ 3/6

ಈ ಫೋಟೊ ಭದ್ರಾವತಿ ರೈಲ್ವೆ ಸ್ಟೇಷನ್. ಬೀರೂರಿಂದ ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ. ಆಗ ನಮ್ಮೂರ ಹೆಸರು ಬೆಂಕಿಪುರ. 1918ರಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸ ಶುರುವಾಯ್ತು, 1923ರಲ್ಲಿ ಉತ್ಪಾದನೆ ಆರಂಭ ಆಯ್ತು. ಅದರ ಹಿಂದೆ ಇದ್ದವರು ಸರ್ ಎಂ. ವಿಶ್ವೇಶ್ವರಯ್ಯ. ಅದಿರು ಬರ್ತಿದ್ದದ್ದು ಕೆಮ್ಮಣ್ಣುಗುಂಡಿಯಿಂದ. 1930ರ ದಶಕದಲ್ಲಿ ಕಾಗದದ ಕಾರ್ಖಾನೆಯೂ ಬಂತು.

ಬ್ಯಾಗಿಗೂ ಇದಕ್ಕೂ ಏನು ಸಂಬಂಧ ಅಂತೀರಾ? ದೊಡ್ಡ ಭಾರವನ್ನೆಲ್ಲ ರೈಲು, ಲಾರಿ ಹೊರೋಕೆ ಶುರು ಮಾಡಿದ ಮೇಲೆ ಮನುಷ್ಯನ ಹೆಗಲಿಗೆ ಉಳಿದದ್ದು ಅವನ ದಿನದ ಸಾಮಾನು ಮಾತ್ರ. ನಮ್ಮಜ್ಜ ಪೇಪರ್ ಟೌನ್‌ನಲ್ಲಿದ್ದವರು. ಅವರ ಬ್ಯಾಗ್ ಅಂದ್ರೆ ಸೈಕಲ್ ಹ್ಯಾಂಡಲ್‌ಗೆ ನೇತು ಹಾಕಿದ ಖಾಕಿ ಬಟ್ಟೆಯ ಬುತ್ತಿ ಚೀಲ. ಒಳಗೆ ಊಟದ ಡಬ್ಬಿ, ಒಂದು ಟವೆಲ್. ಅಷ್ಟೇ. ದಿನಾ ಒಂದೇ ಹೊತ್ತಿಗೆ ಹೋಗಿ ಒಂದೇ ಹೊತ್ತಿಗೆ ಬರೋ ಕೆಲಸ ಊರಿಗೆ ಬಂದಾಗ, ದಿನಾ ಒಯ್ಯೋ ಚೀಲವೂ ಬಂತು.

ಅಜ್ಜಿ ಶಾಲೆಗೆ ಒಯ್ತಿದ್ದದ್ದು ಪಾಟಿಚೀಲ. ಹಳೇ ಬಟ್ಟೆಯಲ್ಲಿ ಮನೆಯಲ್ಲೇ ಹೊಲಿದದ್ದು. ಒಂದು ಪಾಟಿ, ಒಂದು ಬಳಪ, ಒಂದು ಪುಸ್ತಕ. ಅಪ್ಪನ ಕಾಲಕ್ಕೆ ಅಲ್ಯೂಮಿನಿಯಂ ಪೆಟ್ಟಿಗೆ ಬಂತು. ಮಳೆಗೆ ಚೆನ್ನಾಗಿತ್ತಂತೆ, ಜಗಳಕ್ಕೆ ಇನ್ನೂ ಚೆನ್ನಾಗಿತ್ತಂತೆ! ಕಾಲೇಜಿಗೆ ಬಂದ ಮೇಲೆ ಕೈಯಲ್ಲಿ ಒಂದೇ ಒಂದು ಲಾಂಗ್ ಬುಕ್. ಮಳೆ ಬಂದರೆ ಅದು ಶರ್ಟ್ ಒಳಗೆ.

ಅಪ್ಪ ಹೇಳಿದ ಒಂದು ಮಾತು ತಲೆಯಲ್ಲಿ ಕೂತಿದೆ: "ನಮಗೆ ಬ್ಯಾಗ್ ಇರಲಿಲ್ಲ ಅಂತ ಬೇಜಾರಿರಲಿಲ್ಲ ಮಗ. ಬ್ಯಾಗಿಗೆ ಹಾಕೋಕೆ ಏನೂ ಇರಲಿಲ್ಲ."

ಭಾಗ 4/6

ಹಾಗಾದರೆ ಎರಡು ಪಟ್ಟಿಯ ಈ ಬ್ಯಾಗ್ ಎಲ್ಲಿಂದ ಬಂತು? ಉತ್ತರ: ಬೆಟ್ಟದಿಂದ ಇಳಿದು ಬಂತು.

ಇದಕ್ಕೆ ಸ್ವಲ್ಪ ಹೊತ್ತು ಅಮೆರಿಕಕ್ಕೆ ಹೋಗಬೇಕು. ನೈಲಾನ್ ಅನ್ನೋ ನೂಲು ಅಲ್ಲಿನ ಡುಪಾಂಟ್ ಕಂಪನಿಯ ಪ್ರಯೋಗಾಲಯದಲ್ಲಿ ಹುಟ್ಟಿದ್ದು 1935ರಲ್ಲಿ. ಎರಡನೇ ಮಹಾಯುದ್ಧದಲ್ಲಿ ಪ್ಯಾರಾಚೂಟ್ ಆಯ್ತು. ಯುದ್ಧ ಮುಗಿದ ಮೇಲೆ ಚಾರಣದ ಸಾಮಾನಿಗೂ ಬಂತು. ಹತ್ತಿ ಕ್ಯಾನ್ವಾಸ್ ನೀರು ಕುಡಿದು ಭಾರ ಆಗುತ್ತೆ, ನೈಲಾನ್ ಹಗುರ, ಬೇಗ ಒಣಗುತ್ತೆ. 1952ರಲ್ಲಿ ಕ್ಯಾಲಿಫೋರ್ನಿಯಾದ ಡಿಕ್ ಕೆಲ್ಟಿ ಮತ್ತು ಅವರ ಹೆಂಡತಿ ನೆನಾ ಮನೆಯಲ್ಲೇ ಅಲ್ಯೂಮಿನಿಯಂ ಚೌಕಟ್ಟಿನ ಬ್ಯಾಗ್ ಮಾಡಿ ಮಾರೋಕೆ ಶುರು ಮಾಡಿದ್ರು. ಅವರ ಬ್ಯಾಗಿನ ಮುಖ್ಯ ವಿಷಯ ಸೊಂಟದ ಪಟ್ಟಿ. ಭಾರ ಹೆಗಲಿಂದ ಇಳಿದು ಸೊಂಟದ ಮೂಳೆಗೆ ಹೋಗುತ್ತೆ. ಭಾರವನ್ನ ಮೂಳೆ ಹೊರಲಿ ಅನ್ನೋ ಲೆಕ್ಕ. ನಮ್ಮ ಸಿಂಬಿ ನೆನಪಾಯ್ತಾ?

ಈಗ ನನಗೆ ಬಹಳ ಇಷ್ಟವಾದ ಭಾಗ. 1967ರಲ್ಲಿ ಸಿಯಾಟಲ್‌ನಲ್ಲಿ ಮರ್ರೆ ಪ್ಲೆಟ್ಜ್, ಜ್ಯಾನ್ ಲೂಯಿಸ್, ಸ್ಕಿಪ್ ಯೋವೆಲ್ ಅನ್ನೋ ಮೂವರು ಸೇರಿ ಜ್ಯಾನ್‌ಸ್ಪೋರ್ಟ್ ಕಂಪನಿ ಶುರು ಮಾಡಿದ್ರು. ಹೆಸರಲ್ಲಿರೋ ಜ್ಯಾನ್, ಬ್ಯಾಗ್ ಹೊಲೀತಿದ್ದ ಆ ಜ್ಯಾನ್ ಲೂಯಿಸ್ಸೇ. ಅವರು ಮಾಡಿದ್ದು ಒಂದು ದಿನದ ಚಾರಣಕ್ಕೆ ಆಗೋ ಚಿಕ್ಕ ಬ್ಯಾಗ್. ವಾಷಿಂಗ್ಟನ್ ವಿಶ್ವವಿದ್ಯಾಲಯದ ಪುಸ್ತಕದಂಗಡಿಯ ಕ್ರೀಡಾ ವಿಭಾಗದಲ್ಲಿ ಅದನ್ನ ಮಾರಾಟಕ್ಕೆ ಇಟ್ಟಿದ್ರು. ಅದನ್ನ ಕೊಂಡ ವಿದ್ಯಾರ್ಥಿಗಳು ಬೆಟ್ಟಕ್ಕೆ ಮಾತ್ರ ಒಯ್ಯಲಿಲ್ಲ, ಪುಸ್ತಕ ತುಂಬಿಕೊಂಡು ಕ್ಲಾಸಿಗೂ ಬಂದ್ರು. ಯಾಕೆ ಗೊತ್ತಾ? ಸಿಯಾಟಲ್‌ನಲ್ಲಿ ಮಳೆ ಜಾಸ್ತಿ. ಪುಸ್ತಕ ನೆನೀಬಾರದು ಅಂತ!

ಪುಸ್ತಕದ ತೂಕಕ್ಕೆ ತಳ ಹರಿಯಬಾರದು ಅಂತ ಕಂಪನಿ ಆಮೇಲೆ ತಳವನ್ನ ಗಟ್ಟಿ ಮಾಡ್ತು. ಹೀಗೆ ಹುಟ್ಟಿತು ಕಾಲೇಜ್ ಬ್ಯಾಗ್. ನಮ್ಮ ಬೆಂಗಳೂರಿನ ವೈಲ್ಡ್‌ಕ್ರಾಫ್ಟ್ ಕೂಡ ಚಾರಣದ ಸಾಮಾನಿಂದಲೇ ಶುರುವಾಗಿ ಕಾಲೇಜ್ ಬ್ಯಾಗಿಗೆ ಬಂದ ಕಂಪನಿ.

ಅಂದ್ರೆ ಕಾಲೇಜಿಗೂ ಬೆಟ್ಟಕ್ಕೂ ಒಂದೇ ಬ್ಯಾಗ್ ಬೇಕು ಅನ್ನೋದು ನಮ್ಮ ಜಿಪುಣತನ ಅಲ್ಲ. ಅದು ಹುಟ್ಟಿದ್ದೇ ಹಾಗೆ. ಅದನ್ನ ಕ್ಲಾಸಿಗೆ ತಂದದ್ದು ಜಾಹೀರಾತೂ ಅಲ್ಲ, ಮಳೆಯಲ್ಲಿ ನೆನೆದ ವಿದ್ಯಾರ್ಥಿಗಳು.

ಭಾಗ 5/6

ಈ ಫೋಟೊ ಅರಸಾಳು ಸ್ಟೇಷನ್. ಶಿವಮೊಗ್ಗದಿಂದ ತಾಳಗುಪ್ಪ ಕಡೆ ಹೋಗೋ ರೈಲಲ್ಲಿ ಸಿಗುತ್ತೆ. ಶಂಕರ್ ನಾಗ್ ಆಗುಂಬೆಯಲ್ಲಿ ‘ಮಾಲ್ಗುಡಿ ಡೇಸ್’ ಚಿತ್ರೀಕರಿಸಿದಾಗ ಮಾಲ್ಗುಡಿಯ ರೈಲ್ವೆ ಸ್ಟೇಷನ್ ಆದದ್ದು ಇದೇ. ಈಗ ಇಲ್ಲಿ ಮಾಲ್ಗುಡಿ ಮ್ಯೂಸಿಯಂ ಇದೆ.

ಮಾಲ್ಗುಡಿಯನ್ನ ಬರೆದ ಆರ್.ಕೆ. ನಾರಾಯಣ್ ರಾಜ್ಯಸಭೆಗೆ ನಾಮಕರಣ ಆಗಿದ್ರು. 1989ರಲ್ಲಿ ಅವರು ಸದನದಲ್ಲಿ ಮಾತಾಡಿದ್ದು ರಾಜಕೀಯದ ಬಗ್ಗೆ ಅಲ್ಲ, ಮಕ್ಕಳ ಸ್ಕೂಲ್ ಬ್ಯಾಗ್ ಬಗ್ಗೆ. ಈ ಭಾರಕ್ಕೆ ಮಕ್ಕಳ ಬೆನ್ನೇ ಬಾಗ್ತಿದೆ ಅನ್ನೋದು ಅವರ ಸಂಕಟ. ಆಮೇಲೆ 1992ರಲ್ಲಿ ಕೇಂದ್ರ ಸರ್ಕಾರ ವಿಜ್ಞಾನಿ ಯಶಪಾಲ್ ಅಧ್ಯಕ್ಷತೆಯಲ್ಲಿ ಸಮಿತಿ ಮಾಡ್ತು. 1993ರಲ್ಲಿ ವರದಿ ಬಂತು. ಅದರ ತಿರುಳು ಇಷ್ಟು: ಬ್ಯಾಗಿನ ತೂಕ ತೊಂದರೆ ಹೌದು, ಆದರೆ ಅರ್ಥವಾಗದ ಪಾಠದ ಹೊರೆ ಅದಕ್ಕಿಂತ ದೊಡ್ಡ ತೊಂದರೆ.

2019ರಲ್ಲಿ ಕರ್ನಾಟಕ ಸರ್ಕಾರ ಬ್ಯಾಗಿನ ತೂಕಕ್ಕೆ ಮಿತಿ ಹಾಕಿತು. 1 ಮತ್ತು 2ನೇ ತರಗತಿಗೆ 1.5ರಿಂದ 2 ಕೆಜಿ. 3ರಿಂದ 5ಕ್ಕೆ 2ರಿಂದ 3 ಕೆಜಿ. 6ರಿಂದ 8ಕ್ಕೆ 3ರಿಂದ 4 ಕೆಜಿ. 9 ಮತ್ತು 10ಕ್ಕೆ 4ರಿಂದ 5 ಕೆಜಿ. ಒಟ್ಟಾರೆ ಮಗುವಿನ ತೂಕದ ಶೇ. 10 ದಾಟಬಾರದು.

ಈಗ ತಂಗಿಯ ಕಥೆ. ಅವಳು 7ನೇ ಕ್ಲಾಸು. ಹೆಗಲು ನೋವು, ಹೆಗಲು ನೋವು ಅಂತ ಎರಡು ತಿಂಗಳಿಂದ ಹೇಳ್ತಿದ್ಲು. "ನಾಟಕ ಆಡಬೇಡ, ನಾನೂ ಹೊತ್ತಿಲ್ವಾ" ಅಂತ ಬೈದಿದ್ದು ನಾನೇ. ಈ ಸಂಖ್ಯೆಗಳನ್ನ ಓದಿದ ದಿನ ಸಂಜೆ ಅವಳ ಬ್ಯಾಗನ್ನ ನಮ್ಮ ಬೀದಿಯ ಕಿರಾಣಿ ಅಂಗಡಿ ತಕ್ಕಡಿ ಮೇಲಿಟ್ಟೆ. 6 ಕೆಜಿ 200 ಗ್ರಾಂ. ಅವಳ ತೂಕ 34 ಕೆಜಿ. ಹೊರಬೇಕಾದ್ದು ಹೆಚ್ಚಂದ್ರೆ 3.4 ಕೆಜಿ.

ಅಂಗಡಿಯಣ್ಣ "ಏನಮ್ಮಾ, ಅರ್ಧ ಮೂಟೆ ಅಕ್ಕಿ ಹೊರ್ತೀಯಾ" ಅಂತ ನಕ್ಕ. ಅವಳೂ ನಕ್ಕಳು. ನನಗೆ ನಗು ಬರಲಿಲ್ಲ. ಒಂದು ದಿನ ಪಟ್ಟಿ ಕಿತ್ತದ್ದಕ್ಕೆ ಎರಡು ದಿನ ಕತ್ತು ಹಿಡ್ಕೊಂಡು ಊರಿಗೆಲ್ಲ ಹೇಳಿದೋರು ನಾವು. ಅವಳು ದಿನಾ ಹೊರ್ತಿದ್ಲು.

ಮೊದಲು ಅನ್ನಿಸಿದ್ದು, ₹1500ಕ್ಕೆ ಅವಳಿಗೇ ಒಳ್ಳೆ ಬ್ಯಾಗ್ ಕೊಡಿಸೋಣ ಅಂತ. ಆಮೇಲೆ ಬ್ಯಾಗನ್ನ ಚಾಪೆ ಮೇಲೆ ಸುರಿದು ನೋಡಿದ್ವಿ. ಆ ದಿನ ಪೀರಿಯಡ್ಡೇ ಇಲ್ಲದ ಮೂರು ಪುಸ್ತಕ. ತುಂಬಿ ಹೋದ ಎರಡು ನೋಟ್ಸ್. ಸ್ಟೀಲಿನ ದೊಡ್ಡ ಬಾಟಲಿ. ಕಲರ್ ಬಾಕ್ಸ್. ಟೈಂಟೇಬಲ್ ನೋಡಿ ಜೋಡಿಸಿ, ನೋಟ್ಸನ್ನ ತೆಳುವಾದದ್ದಕ್ಕೆ ಬದಲಿಸಿ, ಬಾಟಲಿ ಚಿಕ್ಕದು ಮಾಡಿದ ಮೇಲೆ ತೂಕ 3 ಕೆಜಿ 300 ಗ್ರಾಂ. ಬ್ಯಾಗ್ ಅದೇ ಹಳೇದು. ಅವಳ ತೊಂದರೆ ಬ್ಯಾಗಲ್ಲಿರಲಿಲ್ಲ, ಹೊರೆಯಲ್ಲಿತ್ತು.

ಭಾಗ 6/6

ಕೊನೆಯ ಫೋಟೊ ಹೊಸ ಬ್ಯಾಗ್. ಕಂಪನಿ ಹೆಸರು ಹೇಳಲ್ಲ, ಹೇಗೆ ಆರಿಸಿದೆ ಅಂತ ಹೇಳ್ತೀನಿ. ಸೇವ್ ಮಾಡ್ಕೊಳ್ಳಿ.

ಮೊದಲು ನನ್ನ ಹೊರೆ ತೂಗಿದೆ. ಕಾಲೇಜ್ ದಿನ ಎರಡು ಲಾಂಗ್ ಬುಕ್, ಕಾಸ್ಟಿಂಗ್ ಪುಸ್ತಕ, ಕ್ಯಾಲ್ಕ್ಯುಲೇಟರ್, ಟಿಫನ್ ಬಾಕ್ಸ್, 1 ಲೀಟರ್ ನೀರು, ಕೊಡೆ: ಸುಮಾರು 3.5 ಕೆಜಿ. ಬೆಟ್ಟದ ದಿನ 2 ಲೀಟರ್ ನೀರು, ಬುತ್ತಿ, ಜರ್ಕಿನ್, ಟಾರ್ಚು, ಔಷಧಿ, ಜಿಗಣೆಗೆ ಒಂದು ಪೊಟ್ಟಣ ಉಪ್ಪು: ಸುಮಾರು 4 ಕೆಜಿ. ಎರಡೂ ಹತ್ತಿರ ಹತ್ತಿರ! ಅದಕ್ಕೇ ಒಂದು ಬ್ಯಾಗ್ ಸಾಕು. 20ರಿಂದ 25 ಲೀಟರ್ ಅಳತೆ ತಗೊಳ್ಳಿ. 40 ಲೀಟರ್ ಬೇಡ, ಜಾಗ ಇದ್ದರೆ ತುಂಬ್ತೀವಿ.

ಅಂಗಡಿಯಲ್ಲಿ ಖಾಲಿ ಬ್ಯಾಗ್ ಹಾಕಿ ಕನ್ನಡಿ ನೋಡಬೇಡಿ. ಪುಸ್ತಕ ತುಂಬಿ ಹಾಕಿ. ಹೆಗಲ ಪಟ್ಟಿ ಅಗಲ ಇರಬೇಕು. ಪಟ್ಟಿಯ ಬುಡದಲ್ಲಿ ಅಡ್ಡಡ್ಡ ಎರಡು ಮೂರು ಸಾಲು ಹೊಲಿಗೆ ಇದೆಯಾ ನೋಡಿ. ನನ್ನ ಹಳೇದರಲ್ಲಿ ಒಂದೇ ಸಾಲಿತ್ತು. ಬ್ಯಾಗಿನ ತಳ ಸೊಂಟಕ್ಕಿಂತ ಕೆಳಗೆ ಜೋತಾಡಬಾರದು. ಎದೆ ಪಟ್ಟಿ ಇದ್ದರೆ ಬೆಟ್ಟ ಇಳಿಯುವಾಗ ಅನುಕೂಲ. ಚಿಕ್ಕ ಬ್ಯಾಗಿನ ತೆಳು ಸೊಂಟದ ಪಟ್ಟಿ ಭಾರ ಹೊರಲ್ಲ, ಅಲ್ಲಾಡದ ಹಾಗೆ ಹಿಡಿಯುತ್ತೆ ಅಷ್ಟೇ. ಜಿಪ್ಪಿನ ರನ್ನರ್ ಹತ್ತು ಸಲ ಎಳೆದು ನೋಡಿ.

ಮಳೆ ವಿಷಯಕ್ಕೆ ಬಂದರೆ, ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಸುರಿಯುತ್ತೆ. ರೈನ್ ಕವರ್ ಹೊರಗಿನ ನೀರು ತಡೆಯುತ್ತೆ, ಆದರೆ ಬೆನ್ನ ಕಡೆಯಿಂದ ಇಳಿಯೋ ನೀರನ್ನ ತಡೆಯಲ್ಲ. ಒಳಗೂ ಒಂದು ದಪ್ಪ ಪ್ಲಾಸ್ಟಿಕ್ ಕವರ್ ಇರಲಿ.

ತುಂಬುವಾಗ ಭಾರದ್ದು ಬೆನ್ನಿಗೆ ಹತ್ತಿರ. ಎರಡೂ ಪಟ್ಟಿ ಹಾಕಿ, ಹಸಿಬೆಯನ್ನ ನೆನಪಿಡಿ. ಬಸ್ಸು ರಶ್ ಇದ್ದರೆ ಬ್ಯಾಗನ್ನ ಎದೆ ಕಡೆ ತಿರುಗಿಸಿ, ಹಿಂದೆ ನಿಂತವರಿಗೂ ಜಾಗ ಬೇಕು.

ಕಾಮರ್ಸ್‌ನವರಿಗೆ ಸವಕಳಿ ಲೆಕ್ಕ. ನನ್ನ ಹಳೇ ₹450ರ ಬ್ಯಾಗ್ ಬಂದದ್ದು 5 ತಿಂಗಳು, ತಿಂಗಳಿಗೆ ₹90. ಹೊಸದು ₹1400, ಮೂರು ವರ್ಷ ಬಂದರೆ ತಿಂಗಳಿಗೆ ₹39. ಹಾಗಂತ ಹಳೇದನ್ನ ಎಸೀಲಿಲ್ಲ. ಬಸ್ ಸ್ಟ್ಯಾಂಡ್ ಹತ್ತಿರ ಚಪ್ಪಲಿ ಹೊಲಿಯೋ ಅಣ್ಣ ₹60ಕ್ಕೆ ಪಟ್ಟಿ ಹಾಕಿಕೊಟ್ರು. ಈಗ ಅದು ಅಮ್ಮನ ಸಂತೆ ಚೀಲ. ₹1500ರಲ್ಲಿ ಉಳಿದ ₹40ಕ್ಕೆ ಗೋಪಿ ಸರ್ಕಲ್ ಹತ್ತಿರ ನಾನೂ ತಂಗಿಯೂ ಟೀ ಕುಡಿದ್ವಿ.

ನಿಮಗೆ ಇವತ್ತು ಒಂದು ಕೆಲಸ. ಮನೆಯಲ್ಲಿ ತಂಗಿ, ತಮ್ಮ, ಪಕ್ಕದ ಮನೆ ಮಗು, ಯಾರೇ ಇರಲಿ, ಅವರ ಸ್ಕೂಲ್ ಬ್ಯಾಗ್ ತೂಗಿ. ಎಷ್ಟು ಬಂತು ಅಂತ ಕೆಳಗೆ ಬರೀರಿ. ಮಿತಿಗಿಂತ ಜಾಸ್ತಿ ಬಂದರೆ ಅವರ ಜೊತೆ ಕೂತು ಟೈಂಟೇಬಲ್ ನೋಡಿ ಖಾಲಿ ಮಾಡಿ. ಪುಸ್ತಕವೇ ಜಾಸ್ತಿ ತರಿಸ್ತಿದ್ದರೆ ಟೀಚರ್ ಹತ್ತಿರ ಮರ್ಯಾದೆಯಿಂದ ಕೇಳಿ, 2019ರ ಆದೇಶ ಇದೆ ಅಂತ ಹೇಳಿ.

ಮುಂದಿನ ಭಾನುವಾರ ಮತ್ತೆ ಕವಲೇದುರ್ಗ. ಈ ಸಲ ತಂಗಿಯೂ ಬರ್ತಾಳೆ. ಅವಳ ಬೆನ್ನಿಗೆ ಏನೂ ಇಲ್ಲ.

#ಬ್ಯಾಗಿನಕಥೆ #ಶಿವಮೊಗ್ಗ #ಭದ್ರಾವತಿ #ಮಲೆನಾಡು