ವಸ್ತಾದನ ಮಗಳ ಸರ್ಟಿಫಿಕೇಟು

ಹೋದ ದೀಪಾವಳಿಗೆ ಊರಿಗೆ ಹೋದಾಗ ತಂಗಿ ತನ್ನ ಲ್ಯಾಪ್‌ಟಾಪ್ ಬ್ಯಾಗಿನಿಂದ ಒಂದು ದಪ್ಪ ಕಾಗದ ತೆಗೆದು ದೊಡ್ಡಪ್ಪನ ಕೈಗೆ ಕೊಟ್ಟಳು. ಮೂಲೆಯಲ್ಲಿ ಬಂಗಾರದ ಬಣ್ಣದ ಮುದ್ರೆ, ನಡುವೆ ಇಂಗ್ಲಿಷಿನಲ್ಲಿ ಅವಳ ಹೆಸರು. ಈಕೆ ಪಿಲಾಟಿಸ್ ಕಲಿಸಲು ಅರ್ಹಳು ಅನ್ನೋದು ಅದರ ಸಾರಾಂಶ. ದೊಡ್ಡಪ್ಪ ಅದನ್ನ ಕಣ್ಣಿಗೆ ಹತ್ತಿರ ಹಿಡಿದ, ದೂರ ಹಿಡಿದ, ತಿರುಗಿಸಿ ಹಿಂದೇನಾದರೂ ಐತೇನು ಅಂತ ನೋಡಿದ.

“ಇದಕ್ಕ ಎಷ್ಟು ಬಿತ್ತವಾ?”

ತಂಗಿ ಹೇಳಿದಳು. ಅದು ನನ್ನ ಎರಡು ತಿಂಗಳ ಸಂಬಳಕ್ಕಿಂತ ಸ್ವಲ್ಪ ಕಡಿಮೆ. ದೊಡ್ಡಪ್ಪ ಬೈಯ್ಯಲಿಲ್ಲ. ಕಾಗದ ವಾಪಸ್ ಕೊಟ್ಟು, “ನಾ ಇದೊಂದ ಇಲ್ದ ಮನೀಗೆ ಬಂದಿದ್ದೆ ನೋಡು” ಅಂದ. ಅಷ್ಟೇ. ಎದ್ದು ಎತ್ತಿಗೆ ಮೇವು ಹಾಕಲಿಕ್ಕೆ ಹೋದ.

ಆ ಒಂದು ಮಾತು ನನ್ನ ತಲೆಯಲ್ಲಿ ಬೆಂಗಳೂರಿನ ತನಕ ಬಸ್ಸಿನಲ್ಲಿ ಜೊತೆಗೇ ಬಂತು. ಅದನ್ನ ಬಿಡಿಸಿ ಹೇಳಬೇಕಂದ್ರೆ ನಮ್ಮೂರ ಗರಡಿಮನೆಯಿಂದ ಶುರು ಮಾಡಬೇಕು.

ನಮ್ಮೂರು ಹುನಗುಂದದ ಹತ್ತಿರ. ದೊಡ್ಡಪ್ಪ ಅಲ್ಲಿ ಮೂವತ್ತು ವರ್ಷಕ್ಕೂ ಮೇಲೆ ವಸ್ತಾದ. ತಲೆ ಬಗ್ಗಿಸದೆ ಒಳಗೆ ಹೋಗೋಕೆ ಆಗದಷ್ಟು ಗಿಡ್ಡ ಬಾಗಿಲು, ಗೋಡೆಯಲ್ಲಿ ಹಣಮಪ್ಪ, ನಡುವೆ ಎಣ್ಣೆ, ಮಜ್ಜಿಗೆ, ಅರಿಷಿಣ ಕುಡಿದು ಮೆತ್ತಗಾದ ಕೆಮ್ಮಣ್ಣು. ಬೆಳಗಿನ ನಾಲ್ಕಕ್ಕೆ ಹುಡುಗರು ಬಂದು ಸಾಮು ತೆಗೆಯೋರು. ದಂಡ, ಬಸ್ಕಿ, ಗದೆ. ದೊಡ್ಡಪ್ಪ ಮೂಲೆಯಲ್ಲಿ ಕುಂತು ನೋಡೋನು. ಅವನ ನಿಜವಾದ ವಿದ್ಯೆ ಈ ನೋಡೋದರಲ್ಲೇ ಇತ್ತು. ಒಬ್ಬ ಹುಡುಗ ಬಾಗಿಲಿಂದ ಮಣ್ಣಿನ ತನಕ ನಡೆದು ಬರೋದರೊಳಗೆ, ಯಾವ ಮೊಣಕಾಲು ನೋಯ್ತೈತಿ, ನಿನ್ನೆ ರಾತ್ರಿ ನಿದ್ದಿ ಮಾಡ್ಯಾನೋ ಇಲ್ಲೋ ಹೇಳಿಬಿಡೋನು. ಅವನು ವಸ್ತಾದ ಆಗಿದ್ದು ಹೇಗೆ ಅಂದ್ರೆ, ಒಂದು ಬನದ ಹುಣ್ಣಿಮೆಗೆ ಬಾದಾಮಿ ಬನಶಂಕರಿ ಜಾತ್ರೆಯಲ್ಲಿ ಅವನ ಗುರು ನಾಲ್ಕು ಊರಿನ ಪೈಲ್ವಾನರ ಎದುರು ತನ್ನ ತಲೆಯ ಪಟಗಾ ಬಿಚ್ಚಿ ಇವನ ತಲೆಗೆ ಸುತ್ತಿದ. ಮುಗೀತು. ಮರುದಿನದಿಂದ ಇವನು ವಸ್ತಾದ.

1997ರ ಆಗಸ್ಟ್ 15ಕ್ಕೆ ಬಾಗಲಕೋಟೆ ವಿಜಾಪುರದಿಂದ ಬೇರೆಯಾಗಿ ಜಿಲ್ಲೆ ಆಯಿತು. ನಾನಾಗ ಕನ್ನಡ ಶಾಲೆಯ ಹುಡುಗ, ಪೇಡೆ ಹಂಚಿದ್ದು ನೆನಪಿದೆ. ಅದೇ ವರ್ಷ ಹತ್ತಿರದ ಒಂದು ಹೈಸ್ಕೂಲಿಗೆ ವ್ಯಾಯಾಮ ಕಲಿಸೋರು ಬೇಕು ಅಂತ ಸುದ್ದಿ ಬಂತು. ದೊಡ್ಡಪ್ಪ ಒಗೆದ ಧೋತರ ಉಟ್ಟು, ಕುಸ್ತಿಯಲ್ಲಿ ಗೆದ್ದ ಎರಡು ಬೆಳ್ಳಿ ಕಡಗ ಹಾಕಿಕೊಂಡು ಹೋದ. ಸಿಪಿಎಡ್ ಐತೇನು, ಬಿಪಿಎಡ್ ಐತೇನು ಅಂತ ಕೇಳಿದರಂತೆ. ಇವನು ಕಡಗ ತೋರಿಸಿದನಂತೆ. ಚಹಾ ಕುಡಿಸಿ ಕಳಿಸಿದರು. ಮರ್ಯಾದೆಯಿಂದಲೇ ಕಳಿಸಿದರು, ಅದೇ ಅವನಿಗೆ ಹೆಚ್ಚು ಹತ್ತಿದ್ದು.

ಆ ಶಾಲೆಯವರದು ತಪ್ಪು ಅಂತ ಬಹಳ ವರ್ಷ ಅಂದುಕೊಂಡಿದ್ದೆ. ಈಗ ಅಷ್ಟು ಖಾತ್ರಿ ಇಲ್ಲ.

ಮೈ ಪಳಗಿಸೋರನ್ನ ದರ್ಜೆ ಕಟ್ಟಿ ಗುರುತಿಸೋದು ನಮ್ಮ ಸೀಮೆಗೆ ಹೊಸದೇನಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ (ಬಾದಾಮಿಯವರಲ್ಲ, ಅವರಿಗಿಂತ ಐದು ನೂರು ವರ್ಷ ಆಮೇಲಿನವರು) 12ನೇ ಶತಮಾನದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದ ಅಂತಲೇ ಒಂದು ಭಾಗ ಇದೆ. ವಯಸ್ಸು, ಗಾತ್ರ, ಬಲ ನೋಡಿ ಮಲ್ಲರನ್ನ ವಿಂಗಡಿಸೋದು ಹೇಗೆ, ಅವರ ಸಾಮು ಏನು, ಊಟ ಏನು ಎಲ್ಲಾ ಅದರಲ್ಲುಂಟು. ಬೇಳೆ, ಮಾಂಸ, ಹಾಲು, ಸಕ್ಕರೆಯ ಖರ್ಚು ಅರಮನೆಯದು. ಮಲ್ಲಕಂಬದ ಅತಿ ಹಳೆಯ ಉಲ್ಲೇಖ ಅಂತಲೂ ಇದನ್ನೇ ತೋರಿಸುತ್ತಾರೆ. ಬಾಗಲಕೋಟೆ ಹತ್ತಿರದ ತುಳಸಿಗೇರಿಗೆ ಹೋದರೆ ಇವತ್ತಿಗೂ ಕಂಬದ ಮೇಲೆ ತಲೆಕೆಳಗಾಗಿ ನಿಂತ ಮಕ್ಕಳನ್ನ ನೋಡಬಹುದು.

ಆದರೆ ಅಲ್ಲೆಲ್ಲ ಒಪ್ಪಿಗೆ ಕೊಡೋನು ಕಣ್ಣೆದುರಿಗೇ ಇರುವ ಮನುಷ್ಯ. ರಾಜ, ಇಲ್ಲಾ ಗುರು. ಕಾಗದ ಬಂದಿದ್ದು ಶಾಲೆಗಳ ಜೊತೆಗೆ. 1920ರಲ್ಲಿ ಅಮೆರಿಕದ ಹ್ಯಾರಿ ಕ್ರೋ ಬಕ್ ಮದ್ರಾಸಿನ ವೈಎಂಸಿಎಯಲ್ಲಿ ವ್ಯಾಯಾಮ ಶಿಕ್ಷಕರನ್ನ ತಯಾರು ಮಾಡುವ ಶಾಲೆ ತೆರೆದರು. ನಮ್ಮ ಬಾಗಲಕೋಟೆ, ಬಾದಾಮಿ, ಹುನಗುಂದ ಆಗ ಮುಂಬೈ ಪ್ರಾಂತ್ಯದ ವಿಜಾಪುರ ಜಿಲ್ಲೆಯಲ್ಲಿದ್ದವು. ಮುಂಬೈ ಸರ್ಕಾರ 1938ರಲ್ಲಿ ಕಾಂದಿವಲಿಯಲ್ಲಿ ಅಂಥದೇ ತರಬೇತಿ ಸಂಸ್ಥೆ ಶುರು ಮಾಡಿತು. ಹಿರಿಯರು ಹೇಳುವ ಡ್ರಿಲ್ ಮಾಸ್ತರು ಹುಟ್ಟಿದ್ದು ಇಂಥ ಕಡೆ. ಊರಿನ ವಸ್ತಾದನನ್ನ ಊರು ಬಲ್ಲದು. ಆದರೆ ಸಾವಿರ ಶಾಲೆಗೆ ಸಾವಿರ ಮಾಸ್ತರು ಬೇಕಾದಾಗ ಮುಂಬೈಯಲ್ಲಿ ಕುಂತ ಅಧಿಕಾರಿಗೆ ಯಾರ ಪಟಗಾ ಯಾರು ಸುತ್ತಿದ್ದು ಹೇಗೆ ಗೊತ್ತಾಗಬೇಕು?

ನಮ್ಮ ಕೆಲಸದಲ್ಲಿ ಇದು ದಿನಾ ಕಾಣುವ ಸಂಗತಿ. ನೀವು ಬ್ಯಾಂಕಿನ ವೆಬ್‌ಸೈಟು ತೆಗೆದಾಗ ಬ್ರೌಸರು ಒಂದು ಸರ್ಟಿಫಿಕೇಟು ನೋಡುತ್ತೆ. ಅದಕ್ಕೆ ಸಹಿ ಹಾಕಿದವರು ಯಾರು, ಅವರಿಗೆ ಸಹಿ ಹಾಕಿದವರು ಯಾರು ಅಂತ ಮೇಲೆ ಮೇಲೆ ಹೋಗುತ್ತೆ. ಎಲ್ಲಕ್ಕಿಂತ ಮೇಲಿರುವ ರೂಟ್ ಸರ್ಟಿಫಿಕೇಟಿಗೆ ಯಾರ ಸಹಿ? ಅದರದೇ ಸಹಿ. ತನಗೆ ತಾನೇ ಸಹಿ ಹಾಕಿಕೊಂಡಿರುತ್ತೆ. ಎಲ್ಲರೂ ನಂಬೋಣ ಅಂತ ಒಪ್ಪಿರ್ತಾರೆ, ಅಷ್ಟೇ. (ಐಹೊಳೆಯ ಮೇಗುಟಿಯಲ್ಲಿ ಕ್ರಿ.ಶ. 634ರಲ್ಲಿ ರವಿಕೀರ್ತಿ ತಾನು ಕಾಳಿದಾಸ, ಭಾರವಿಯರಷ್ಟು ಕೀರ್ತಿ ಪಡೆದವನು ಅಂತ ಕಲ್ಲಿನಲ್ಲೇ ಕೆತ್ತಿಸಿಕೊಂಡ. ನಮ್ಮ ತಾಲೂಕಿನ ಮೊದಲ ಸೆಲ್ಫ್-ಸೈನ್ಡ್ ಸರ್ಟಿಫಿಕೇಟು ಅದೇ ಇರಬೇಕು.)

ಪಿಲಾಟಿಸ್‌ನ ರೂಟ್ ಯಾರು ಅಂತ ತಂಗಿಯ ಕೋರ್ಸಿನ ನೆಪದಲ್ಲಿ ಹುಡುಕುತ್ತಾ ಹೋದೆ. ಜೋಸೆಫ್ ಪಿಲಾಟಿಸ್ 1883ರಲ್ಲಿ ಜರ್ಮನಿಯ ಮೋನ್ಶೆನ್‌ಗ್ಲಾಡ್‌ಬಾಖ್‌ನಲ್ಲಿ ಹುಟ್ಟಿದವ. ಸಣ್ಣವನಿದ್ದಾಗ ರೋಗಿಷ್ಟ, ಆಮೇಲೆ ಕಸರತ್ತು, ಬಾಕ್ಸಿಂಗ್ ಹಿಡಿದ. ಇಂಗ್ಲೆಂಡಿನಲ್ಲಿದ್ದಾಗ ಮೊದಲ ಮಹಾಯುದ್ಧ ಶುರುವಾಯಿತು. ಶತ್ರು ದೇಶದವನು ಅಂತ ಹಿಡಿದು ಐಲ್ ಆಫ್ ಮ್ಯಾನ್ ದ್ವೀಪದ ಶಿಬಿರದಲ್ಲಿಟ್ಟರು. ಅಲ್ಲಿ ಜೊತೆಗಿದ್ದವರಿಗೆ ವ್ಯಾಯಾಮ ಹೇಳಿಕೊಟ್ಟ. ಮಂಚದ ಸ್ಪ್ರಿಂಗು ಬಿಚ್ಚಿ ರೋಗಿಗಳಿಗೆ ಸಾಧನ ಮಾಡಿಕೊಟ್ಟ ಅಂತ ಕಥೆಯೂ ಇದೆ. 1920ರ ದಶಕದಲ್ಲಿ ನ್ಯೂಯಾರ್ಕಿಗೆ ಹೋಗಿ ಹೆಂಡತಿ ಕ್ಲಾರಾ ಜೊತೆ ಎಂಟನೇ ಅವೆನ್ಯೂದಲ್ಲಿ ಸ್ಟುಡಿಯೋ ಹಾಕಿದ. ಬೆನ್ನು, ಮೊಣಕಾಲು ಕೆಡಿಸಿಕೊಂಡ ನೃತ್ಯಗಾರರು ಸಾಲುಗಟ್ಟಿ ಬಂದರು. ತನ್ನ ಪದ್ಧತಿಗೆ ಅವನಿಟ್ಟ ಹೆಸರು ಕಂಟ್ರಾಲಜಿ. 1945ರ ಪುಸ್ತಕದಲ್ಲಿ ಚಾಪೆಯ ಮೇಲೆ ಮಾಡುವ 34 ವ್ಯಾಯಾಮ ಕೊಟ್ಟಿದ್ದಾನೆ.

ಅವನ ಹತ್ತಿರ ಯಾವ ವಿಶ್ವವಿದ್ಯಾಲಯದ ಕಾಗದವೂ ಇರಲಿಲ್ಲ. ದೊಡ್ಡಪ್ಪನ ಹಾಗೆ ಕಣ್ಣಿನಿಂದ ನೋಡಿ ಹೇಳೋ ಮನುಷ್ಯ. ಶಿಷ್ಯರು ಬಂದು ಪಕ್ಕದಲ್ಲಿ ನಿಂತು ಕಲಿತು ಹೋದರು. ಅವನ ಕೈಯಿಂದ ಅಧಿಕೃತ ಪ್ರಮಾಣಪತ್ರ ಪಡೆದವರು ಅಂತ ಹೇಳೋದು ಇಬ್ಬರ ಹೆಸರನ್ನೇ: ಕ್ಯಾಥಿ ಗ್ರಾಂಟ್ ಮತ್ತು ಲೊಲಿಟಾ ಸಾನ್ ಮಿಗೆಲ್. ಇಬ್ಬರೂ ನೃತ್ಯಗಾರ್ತಿಯರು. ಅದೂ ನ್ಯೂಯಾರ್ಕ್ ರಾಜ್ಯದ ಪುನರ್ವಸತಿ ಯೋಜನೆಯ ಮೂಲಕ, 1967ರಲ್ಲಿ. ಅದೇ ವರ್ಷ ಅಕ್ಟೋಬರಿನಲ್ಲಿ ಅವನು ತೀರಿಹೋದ.

ಗುರು ಹೋದ ಮೇಲೆ ಜಗಳ ಶುರು. ಹೆಸರಿನ ಟ್ರೇಡ್‌ಮಾರ್ಕು ಒಬ್ಬರ ಕೈಗೆ ಬಂತು. ಅವರ ಒಪ್ಪಿಗೆ ಇಲ್ಲದೆ ಪಿಲಾಟಿಸ್ ಅಂತ ಬೋರ್ಡು ಹಾಕಿದವರಿಗೆಲ್ಲ ವಕೀಲರ ನೋಟೀಸು. ಕೊನೆಗೆ 2000ದ ಅಕ್ಟೋಬರಿನಲ್ಲಿ ಮ್ಯಾನ್‌ಹಟನ್ ಫೆಡರಲ್ ಕೋರ್ಟಿನ ನ್ಯಾಯಾಧೀಶೆ ಮಿರಿಯಮ್ ಸೆಡರ್‌ಬಾಮ್ ತೀರ್ಪು ಕೊಟ್ಟರು: ಪಿಲಾಟಿಸ್ ಅನ್ನೋದು ಯೋಗ, ಕರಾಟೆ ಇದ್ದ ಹಾಗೆ ಒಂದು ವ್ಯಾಯಾಮ ಪದ್ಧತಿಯ ಹೆಸರು, ಯಾರೊಬ್ಬರ ಸೊತ್ತೂ ಅಲ್ಲ. ಅಲ್ಲಿಗೆ ಬಾಗಿಲು ತೆರೆಯಿತು. ಯಾರು ಬೇಕಾದರೂ ಕಲಿಸಬಹುದು ಅಂದ ಮೇಲೆ, ನಿಜವಾಗಿ ಕಲಿತವರು ಯಾರು ಅಂತ ತೋರಿಸೋದು ಹೇಗೆ? ಮುಂದಿನ ವರ್ಷವೇ ಪಿಲಾಟಿಸ್ ಮೆಥಡ್ ಅಲಯನ್ಸ್ ಅನ್ನುವ ಸಂಘ ಹುಟ್ಟಿತು, 2005ರಲ್ಲಿ ಅದರ ಪರೀಕ್ಷೆ ಬಂತು. ಇವತ್ತಿನ ಕೋರ್ಸುಗಳ ಕಾರ್ಖಾನೆ ಓಡ್ತಿರೋದು ಹೆಚ್ಚುಕಮ್ಮಿ ಆ ತೀರ್ಪಿನ ಮೇಲೆ.

ನಮ್ಮಲ್ಲೂ ಇದೇ ಆಗಿದೆ, ಇನ್ನೂ ಹತ್ತಿರದಲ್ಲಿ. ಬಿ.ಕೆ.ಎಸ್. ಅಯ್ಯಂಗಾರ್ ಕೋಲಾರದ ಬೆಳ್ಳೂರಿನವರು, 1918ರಲ್ಲಿ ಹುಟ್ಟಿದವರು. ಮೆಟ್ರಿಕ್ ಫೇಲು. ಮೈಸೂರಿನಲ್ಲಿ ಭಾವ ಕೃಷ್ಣಮಾಚಾರ್ಯರ ಹತ್ತಿರ ಯೋಗ ಕಲಿತರು. ಗುರುವಿನ ಜೊತೆ ನಮ್ಮ ಉತ್ತರ ಕರ್ನಾಟಕದ ಕಡೆ ಪ್ರದರ್ಶನಕ್ಕೆ ಬಂದಾಗ ಧಾರವಾಡದ ಕೆಲವು ಹೆಣ್ಣುಮಕ್ಕಳು ನಮಗೂ ಕಲಿಸ್ರಿ ಅಂದರು. ಶಿಷ್ಯರಲ್ಲೆಲ್ಲ ಇವರೇ ಸಣ್ಣ ಹುಡುಗ, ಹಾಗಾಗಿ ಗುರು ಇವರನ್ನೇ ಕಳಿಸಿದರು. ಕಲಿಸುವ ಅರ್ಹತೆ ಅಂತ ಆಗ ನೋಡಿದ್ದು ಇದು: ಮೀಸೆ ಸರಿಯಾಗಿ ಬಂದಿರಲಿಲ್ಲ! ಬೆಳಗಾವಿಯಲ್ಲಿ ಸಿವಿಲ್ ಸರ್ಜನ್ ಆಗಿದ್ದ ಡಾ. ವಿ.ಬಿ. ಗೋಖಲೆ ಇವರ ಆಸನ ನೋಡಿದ್ದರು. ಅವರ ಮೂಲಕ 1937ರಲ್ಲಿ ಆರು ತಿಂಗಳಿಗೆ ಅಂತ ಪುಣೆಗೆ ಹೋದವರು ಅಲ್ಲೇ ಉಳಿದರು. ಇವತ್ತು ಅಯ್ಯಂಗಾರ್ ಯೋಗ ಕಲಿಸಬೇಕಂದ್ರೆ ವರ್ಷಗಟ್ಟಲೆ ಅಭ್ಯಾಸ, ಹಂತ ಹಂತದ ಪರೀಕ್ಷೆ. ಮೆಟ್ರಿಕ್ ಫೇಲಾದವರ ಹೆಸರಿನ ಪರೀಕ್ಷೆಯಲ್ಲಿ ಪಾಸಾಗೋದು ಬಲು ಕಷ್ಟ ಅಂತ ಬರೆದವರೆಲ್ಲ ಹೇಳ್ತಾರೆ.

ಇನ್ನು ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿ ಬರೆದ ಕೆ.ವಿ. ಅಯ್ಯರ್ ಬೆಂಗಳೂರಿನಲ್ಲಿ ಹರ್ಕ್ಯುಲಸ್ ಜಿಮ್ನೇಸಿಯಂ ನಡೆಸುತ್ತಿದ್ದರು, ಅಂಚೆಯ ಮೂಲಕ ಅಂಗಸಾಧನೆ ಪಾಠ ಕಳಿಸುತ್ತಿದ್ದರು. ಆನ್‌ಲೈನ್ ಕೋಚಿಂಗು ನಮ್ಮ ಕಾಲದ್ದು ಅಂತ ಬೀಗುವವರು ನೆನಪಿಡಬೇಕಾದ ಸಂಗತಿ.

ಈಗ ತಂಗಿಯ ಕಥೆಗೆ ಬರ್ತೀನಿ. ಅವಳು ವಸ್ತಾದನ ಒಬ್ಬಳೇ ಮಗಳು. ಆದರೆ ಆ ಗಿಡ್ಡ ಬಾಗಿಲು ದಾಟಿ ಒಳಗೆ ಹೋದವಳಲ್ಲ. ಹೆಣ್ಣುಮಕ್ಕಳು ಗರಡಿಗೆ ಬರಬಾರದು, ಮುಗೀತು. ನಾನು ರಜೆಯಲ್ಲಿ ಹೋಗಿ ಮಣ್ಣಲ್ಲಿ ಉರುಳಾಡಿ ಬರ್ತಿದ್ದೆ. ಇವಳು ಹೊರಗಿನ ಕಟ್ಟೆ ಮೇಲೆ ಕುಂತು ಅಪ್ಪನ ಎಣಿಕೆ ಕೇಳಿಸಿಕೊಂಡೇ ಮನೆ ಅಂಗಳದಲ್ಲಿ ಬಸ್ಕಿ ಹೊಡೀತಿದ್ದಳು. ನನಗೆ ಬಾರದ ಗರಡಿ ವಿದ್ಯೆ ನನಗೆ ಸಿಗಬಹುದಿತ್ತು, ಅವಳಿಗೆ ಬರುತ್ತಿದ್ದದ್ದು ಸಿಗುವಂತಿರಲಿಲ್ಲ. ಇದನ್ನ ನಾನು ಮೊದಲ ಸಲ ಗಮನಿಸಿದ್ದು ಮೂವತ್ತು ದಾಟಿದ ಮೇಲೆ, ಅದೂ ಅವಳೇ ಹೇಳಿದಾಗ.

ಬೆಂಗಳೂರಿನಲ್ಲಿ ಟೆಸ್ಟಿಂಗ್ ಕೆಲಸದಲ್ಲಿದ್ದಾಗ ಅವಳ ಕುತ್ತಿಗೆ ಹಿಡಕೊಂಡಿತು. ಫಿಸಿಯೋ ಪಿಲಾಟಿಸ್ ಮಾಡ್ರಿ ಅಂದರು. ಒಂದು ವರ್ಷ ಮಾಡಿದಳು, ಆಮೇಲೆ ಕಲಿಸೋದನ್ನೇ ಕಲೀತೀನಿ ಅಂತ ಹೊರಟಳು. ನಾನು ಇದು ವಾರಾಂತ್ಯದ ಕೋರ್ಸು ಅಂದುಕೊಂಡಿದ್ದೆ. ಪೂರ್ತಿ ಕೋರ್ಸುಗಳು 450 ಗಂಟೆ, ಅದಕ್ಕೂ ಮೇಲೆ. ಮೊದಲು ಚಾಪೆ, ಆಮೇಲೆ ಹಳಿಯ ಮೇಲೆ ಜಾರುವ ಹಲಗೆಗೆ ಸ್ಪ್ರಿಂಗು ಕಟ್ಟಿದ ರಿಫಾರ್ಮರ್, ಕ್ಯಾಡಿಲಾಕ್, ಚೇರ್, ಬ್ಯಾರೆಲ್. ಮೂಳೆ, ಸ್ನಾಯುಗಳ ಹೆಸರು ಬಾಯಿಪಾಠ. ತಾನು ಮಾಡಿದ ಗಂಟೆ, ಬೇರೆಯವರು ಕಲಿಸೋದನ್ನ ನೋಡಿದ ಗಂಟೆ, ತಾನು ಕಲಿಸಿದ ಗಂಟೆ, ಎಲ್ಲಾ ಬೇರೆ ಬೇರೆ ಬರೆದಿಡಬೇಕು. ನನ್ನನ್ನೂ ಅವಳು ಅಭ್ಯಾಸಕ್ಕೆ ಬಳಸಿಕೊಂಡಳು: ಬೆನ್ನ ಮೇಲೆ ಮಲಗಿ ತಲೆ ಎತ್ತಿ, ಕೈ ಬಡಿಯುತ್ತಾ ಐದು ಎಣಿಕೆಗೆ ಉಸಿರು ಒಳಗೆ, ಐದಕ್ಕೆ ಹೊರಗೆ, ಒಟ್ಟು ನೂರು. ಮೂವತ್ತಕ್ಕೇ ನನ್ನ ಹೊಟ್ಟೆ ನಡುಗಿತು. ಮೂಳೆ ಸವೆದವರನ್ನ ಮುಂದಕ್ಕೆ ಬಗ್ಗಿಸಬಾರದು, ಬಸುರಿಯರಿಗೆ ಏನು ಬಿಡಬೇಕು, ಇದೆಲ್ಲ ತಪ್ಪಿದರೆ ಪರೀಕ್ಷೆಯಲ್ಲಿ ಫೇಲು.

ಇಷ್ಟಾಗಿ ನಮ್ಮ ದೇಶದಲ್ಲಿ ಪಿಲಾಟಿಸ್ ಕಲಿಸೋಕೆ ಲೈಸೆನ್ಸು ಬೇಕೇ ಬೇಕು ಅನ್ನುವ ಕಾನೂನಿಲ್ಲ. ಎರಡು ದಿನದ ಕೋರ್ಸು ಮಾಡಿದವರೂ ಬೋರ್ಡು ಹಾಕಬಹುದು, ಹಾಕಿದ್ದಾರೆ ಕೂಡ. ಹಾಗಿದ್ದ ಮೇಲೆ ಯಾಕಷ್ಟು ದುಡ್ಡು ಸುರಿದೆ ಅಂದೆ. “ಅಣ್ಣಾ, ನಿನಗ ಎಲ್ಲಾರೂ ಒಳಗ ಬಾ ಅಂತಾರ. ನನಗ ಕಾಗದ ಇದ್ರನ ಬಾ ಅಂತಾರ” ಅಂದಳು.

ದೊಡ್ಡಪ್ಪನನ್ನ ಹೊರಗೆ ನಿಲ್ಲಿಸಿದ್ದು ಕಾಗದ. ಅವನ ಮಗಳನ್ನ ಒಳಗೆ ಬಿಟ್ಟಿದ್ದೂ ಕಾಗದವೇ. ಗರಡಿಯ ಪಟಗಾ ಅವಳ ತಲೆಗೆ ಯಾವ ಜಾತ್ರೆಯಲ್ಲೂ ಬರ್ತಿರಲಿಲ್ಲ. ಈಗ ಸರ್ಕಾರದ ಕೌಶಲ ಯೋಜನೆಯಲ್ಲಿ ಅನುಭವದಿಂದ ಕಲಿತವರನ್ನ ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆ 2015ರಿಂದ ಇದೆ. ದೊಡ್ಡಪ್ಪನಿಗೆ ಹೇಳಿದೆ. “ಈಗ ಯಾಕ ಬೇಕೋ, ಕಟ್ಟು ಹಾಕಿಸಿ ಗ್ವಾಡಿಗೆ ತೂಗಹಾಕ್ಲೇನು?” ಅಂದ.

ಆ ದೀಪಾವಳಿಗೇ ನಾವೆಲ್ಲ ಇಳಕಲ್ಲಿಗೆ ಹೋದೆವು. ದೊಡ್ಡವ್ವನ ತವರು ಅಲ್ಲಿ, ನೇಕಾರರ ಮನೆ. ಅತ್ತಿ ನಲವತ್ತು ವರ್ಷ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕುಂತು ಸೀರೆ ನೇಯ್ದಾಕೆ. ಎದ್ದು ನಿಂತರೂ ನಡು ಮಗ್ಗದ ಕಡೆಗೇ ಬಾಗಿರುತ್ತೆ. ತಂಗಿ ಪಡಸಾಲೆಯಲ್ಲಿ ಜಮಖಾನ ಹಾಸಿ ಮಲಗಿಸಿದಳು. ಮೊದಲು ಹತ್ತು ನಿಮಿಷ ಬರೀ ಪ್ರಶ್ನೆ: ಬಿದ್ದಿದ್ದೀರಾ, ಮೂಳೆ ಮುರಿದಿತ್ತಾ, ಮುಟ್ಟು ನಿಂತು ಎಷ್ಟು ವರ್ಷ, ಏನು ಗುಳಿಗಿ ತಗೋತೀರಿ. ದೊಡ್ಡಪ್ಪ ಹೊಸ್ತಿಲ ಹತ್ತಿರ ಕುಂತು ಅಡಿಕೆ ಕತ್ತರಿಸುತ್ತಾ ಮುಖ ಬೇರೆ ಕಡೆ ಮಾಡಿದ್ದ. ಮುಟ್ಟಿನ ಮಾತು ಬಂದಾಗ ಅಡಿಕೊತ್ತಿನ ಸಪ್ಪಳ ಸ್ವಲ್ಪ ಜೋರಾಯಿತು.

ಮೊಣಕಾಲು ಮಡಚಿ, ನಡು ಮೆಲ್ಲಗೆ ಮೇಲೆತ್ತುವ ವ್ಯಾಯಾಮ. ಒಂದು, ಎರಡು, ಮೂರು ಸಲ ಆಯಿತು. ದೊಡ್ಡಪ್ಪ ಅಡಿಕೊತ್ತು ಕೆಳಗಿಟ್ಟ.

“ಎಡಗಡೆ ಮಗ್ಗಲಾ ಮೊದಲ ಏಳಾಕತ್ತೈತಿ. ಬಲಗಾಲು ಭಾರ ಹೊರವಲ್ದು.”

ತಂಗಿ ಬಗ್ಗಿ ನೋಡಿದಳು. ಮತ್ತೊಮ್ಮೆ ಎತ್ತಿಸಿದಳು. “ಹೌದಪಾ” ಅಂದು ಅತ್ತಿಯ ಬಲ ಪಾದದ ಕೆಳಗೆ ಮಡಚಿದ ಟವೆಲ್ಲು ಇಟ್ಟಳು. ದೊಡ್ಡಪ್ಪ ಎದ್ದು ಹತ್ತಿರ ಬಂದು ನಿಂತ. ಟವೆಲ್ಲು ಬ್ಯಾಡ, ಹಿಮ್ಮಡಿ ಒಳಗ ತಗೋ ಅಂದ. ಇವಳು ಯಾಕೆ ಟವೆಲ್ಲೇ ಬೇಕು ಅಂತ ಹೇಳಲಿಕ್ಕೆ ಶುರು ಮಾಡಿದಳು. ಅವನು ತಲೆ ಅಲ್ಲಾಡಿಸಿದ. ಇಬ್ಬರ ದನಿಯೂ ಏರಿತು.

ನಡು ಮೇಲೆತ್ತಿಕೊಂಡೇ ಇದ್ದ ಅತ್ತಿ ಕೆಳಗಿಂದ ಕೂಗಿದಳು: “ಅಪ್ಪಾ ಮಗಳು ಆಮ್ಯಾಲೆ ಜಗಳಾಡ್ರಿ, ಮೊದಲ ನನ್ನ ಕೆಳಗ ಇಳಿಸ್ರಿ!”