ಎಂಜಿನ್ ಬದಲಾವಣೆಯಲ್ಲಿ ಇಂಧನ ಪಂಪಿನ ಆಯ್ಕೆ

ವಾಹನವೊಂದರ ಮೂಲ ಎಂಜಿನ್ನನ್ನು ತೆಗೆದು ಬೇರೆ ಮಾದರಿಯ ಎಂಜಿನ್ನನ್ನು ಕೂರಿಸಿದಾಗ, ಹೊಸ ಎಂಜಿನ್ನಿಗೆ ಬೇಕಾದ ಒತ್ತಡದಲ್ಲಿ ಬೇಕಾದಷ್ಟು ಇಂಧನವು ನಿರಂತರವಾಗಿ ತಲುಪುವಂತೆ ಪಂಪು, ಟ್ಯಾಂಕು, ಫಿಲ್ಟರ್, ರೆಗ್ಯುಲೇಟರ್ ಮತ್ತು ಕೊಳವೆಗಳನ್ನು ಹೊಂದಿಸಬೇಕಾಗುತ್ತದೆ. ಬಂಡೆ, ಮರಳು ಹಾಗೂ ಕಡಿದಾದ ಏರುಗಳಲ್ಲಿ ಸಾಗುವ ವಾಹನಗಳಲ್ಲಿ ಈ ಕಾರ್ಯಕ್ಕೆ ವಿಶೇಷ ಮಹತ್ತ್ವವಿದೆ. ಏರಿನ ನಡುವೆ ಇಂಧನ ತಪ್ಪಿ ಎಂಜಿನ್ ಸ್ತಬ್ಧವಾದರೆ ಪವರ್ ಸ್ಟೀರಿಂಗ್ ಮತ್ತು ಪವರ್ ಬ್ರೇಕುಗಳ ನೆರವೂ ಕುಂದುತ್ತದೆ. ವಾಹನ ಮಗುಚಿದ ಮೇಲೂ ಪಂಪು ಓಡುತ್ತಿದ್ದರೆ ಬೆಂಕಿಯ ಅಪಾಯವಿದೆ. ಆದುದರಿಂದ ಪಂಪಿನ ಆಯ್ಕೆಯಲ್ಲಿ ಅದರ ಗಾತ್ರಕ್ಕಿಂತ, ಎಂಜಿನ್ ಬಯಸುವ ಒತ್ತಡ ಮತ್ತು ಇಳಿಜಾರಿನಲ್ಲಿಯೂ ಪಂಪಿಗೆ ಇಂಧನ ದೊರೆಯುವ ಭರವಸೆ ಇವೆರಡೇ ನಿರ್ಣಾಯಕ.

## ಹಿನ್ನೆಲೆ

ಅಮೆರಿಕದಲ್ಲಿ ಹಳೆಯ ಜೀಪುಗಳಿಗೆ ಜನರಲ್ ಮೋಟರ್ಸ್ ಸಂಸ್ಥೆಯ ಎಲ್‌ಎಸ್ ಶ್ರೇಣಿಯ ವಿ8 ಎಂಜಿನ್ನನ್ನು ಅಳವಡಿಸುವುದು ಬಹಳ ರೂಢಿಯಲ್ಲಿದೆ. 1976ರಿಂದ 1986ರವರೆಗೆ ತಯಾರಾದ ಜೀಪ್ ಸಿಜೆ-7 ಇದಕ್ಕೆ ಒಳ್ಳೆಯ ಉದಾಹರಣೆ. ಅದರ 4.2 ಲೀಟರಿನ ಆರು ಸಿಲಿಂಡರ್ ಎಂಜಿನ್ನಿನಲ್ಲಿ ಕಾರ್ಬ್ಯುರೇಟರ್ ಇದ್ದು, ಕ್ಯಾಮ್‌ಶಾಫ್ಟಿನಿಂದ ಚಲಿಸುವ ಯಾಂತ್ರಿಕ ಪಂಪು ಟ್ಯಾಂಕಿನಿಂದ ಪೆಟ್ರೋಲನ್ನು ಹೀರುತ್ತಿತ್ತು. ಕಾರ್ಬ್ಯುರೇಟರಿಗೆ ಚದರ ಅಂಗುಲಕ್ಕೆ ಸುಮಾರು 5 ಪೌಂಡಿನ, ಅಂದರೆ 5 ಪಿಎಸ್‌ಐನ ಒತ್ತಡ ಸಾಕು.

1997ರಲ್ಲಿ ಷೆವರ್ಲೆ ಕಾರ್ವೆಟ್ ಕಾರಿನೊಡನೆ ಬಂದ ಎಲ್‌ಎಸ್ ಎಂಜಿನ್ ವಿದ್ಯುನ್ಮಾನ ನಿಯಂತ್ರಣದ ಇಂಜೆಕ್ಟರುಗಳನ್ನು ಹೊಂದಿದೆ. ಈ ಶ್ರೇಣಿಯ ಅನೇಕ ಎಂಜಿನ್ನುಗಳಿಗೆ ಸುಮಾರು 58 ಪಿಎಸ್‌ಐ, ಅಂದರೆ 4 ಬಾರ್ ಒತ್ತಡ ಅಗತ್ಯ. ಇದು ಹಳೆಯ ಪಂಪು ನೀಡುತ್ತಿದ್ದುದರ ಹತ್ತು ಪಟ್ಟಿಗೂ ಮಿಗಿಲು. ಹೀಗಾಗಿ ಎಂಜಿನ್ ಬದಲಾದಾಗ ಇಂಧನ ವ್ಯವಸ್ಥೆಯೂ ಟ್ಯಾಂಕಿನಿಂದಲೇ ಬದಲಾಗಬೇಕಾಗುತ್ತದೆ.

## ಒತ್ತಡ

ಇಂಜೆಕ್ಟರು ತೆರೆದಿರುವ ಅವಧಿಯನ್ನು ಎಂಜಿನ್ನಿನ ಕಂಪ್ಯೂಟರು ನಿರ್ಧರಿಸುತ್ತದೆ. ಒತ್ತಡವು ನಿಗದಿತ ಮಟ್ಟದಲ್ಲಿದೆ ಎಂದು ನಂಬಿಯೇ ಅದು ಲೆಕ್ಕ ಹಾಕುತ್ತದೆ. ಇಂಜೆಕ್ಟರಿನಿಂದ ಹೊಮ್ಮುವ ಇಂಧನದ ಪ್ರಮಾಣವು ಒತ್ತಡದ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ. 1997ರ ಮಾದರಿ ವರ್ಷದಿಂದ ಬಂದ ಜೀಪ್ ರ‍್ಯಾಂಗ್ಲರ್ ಟಿಜೆ ಮಾದರಿಯ ಟ್ಯಾಂಕಿನೊಳಗಿನ ಪಂಪು ಸುಮಾರು 49 ಪಿಎಸ್‌ಐ ನೀಡುತ್ತದೆ. ಅದನ್ನೇ ಉಳಿಸಿಕೊಂಡು ಎಲ್‌ಎಸ್ ಎಂಜಿನ್ ಕೂರಿಸಿದರೆ ಇಂಜೆಕ್ಟರುಗಳು ಸುಮಾರು ಶೇಕಡಾ 8ರಷ್ಟು ಕಡಿಮೆ ಇಂಧನ ಸಿಂಪಡಿಸುತ್ತವೆ. ಇಂಧನ ಕಡಿಮೆಯಾಗಿ ಗಾಳಿ ಹೆಚ್ಚಾದ ಮಿಶ್ರಣವು ಭಾರದ ಸಮಯದಲ್ಲಿ ಎಂಜಿನ್ನನ್ನು ಮಿತಿಮೀರಿ ಕಾಯಿಸಿ, ಪಿಸ್ಟನ್ನುಗಳಿಗೆ ಹಾನಿ ತರಬಲ್ಲದು.

ಒತ್ತಡವನ್ನು ಸ್ಥಿರಗೊಳಿಸುವ ಭಾಗಕ್ಕೆ ರೆಗ್ಯುಲೇಟರ್ ಎಂದು ಹೆಸರು. ಎಲ್‌ಎಸ್ ಅಳವಡಿಕೆಗಳಲ್ಲಿ 1999ರಿಂದ 2003ರವರೆಗಿನ ಕಾರ್ವೆಟ್ ಕಾರಿನ ಫಿಲ್ಟರ್ ಜನಪ್ರಿಯವಾಗಿದೆ. 58 ಪಿಎಸ್‌ಐನ ರೆಗ್ಯುಲೇಟರು ಅದರೊಳಗೇ ಅಡಕವಾಗಿದೆ. ಫಿಲ್ಟರಿನಿಂದ ಎಂಜಿನ್ನಿಗೆ ಒಂದೇ ಕೊಳವೆ ಹೋಗುತ್ತದೆ. ಹೆಚ್ಚಾದ ಇಂಧನವು ಫಿಲ್ಟರಿನಿಂದಲೇ ಟ್ಯಾಂಕಿಗೆ ಮರಳುತ್ತದೆ. ಎಂಜಿನ್ನಿನ ಬಿಸಿ ಸೋಕದ ಕಾರಣ ಮರಳುವ ಇಂಧನ ಅಷ್ಟಾಗಿ ಕಾಯುವುದಿಲ್ಲ.

## ಹರಿವಿನ ಲೆಕ್ಕ

ಪೆಟ್ರೋಲ್ ಎಂಜಿನ್ ಪೂರ್ಣಶಕ್ತಿಯಲ್ಲಿ ದುಡಿಯುವಾಗ ಒಂದು ಅಶ್ವಶಕ್ತಿಗೆ ಗಂಟೆಯೊಂದಕ್ಕೆ ಸುಮಾರು ಅರ್ಧ ಪೌಂಡ್, ಅಂದರೆ 0.227 ಕಿಲೋಗ್ರಾಂ ಇಂಧನ ಬೇಕೆಂಬುದು ರೂಢಿಯ ಅಂದಾಜು. 300 ಅಶ್ವಶಕ್ತಿಯ ಎಂಜಿನ್ನಿಗೆ ಇದು ಗಂಟೆಗೆ 68 ಕಿಲೋಗ್ರಾಂ, ಅಂದರೆ ಸುಮಾರು 92 ಲೀಟರ್ ಆಗುತ್ತದೆ. ಗಂಟೆಗೆ 255 ಲೀಟರ್ ಎಂದು ಗುರುತಿಸಲಾದ ಪಂಪುಗಳು ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿದ್ದು, ಇಂತಹ ಎಂಜಿನ್ನಿಗೆ ಅವು ಧಾರಾಳವಾಗಿ ಸಾಕು.

ಪಂಪಿನ ಮೇಲಿನ ಅಂಕಿಯನ್ನು ಮಾತ್ರ ನೋಡಿ ಕೊಳ್ಳುವುದು ಸರಿಯಲ್ಲ. ಒತ್ತಡ ಏರಿದಂತೆ ಹರಿವು ಇಳಿಯುತ್ತದೆ. ಪಂಪಿಗೆ ತಲುಪುವ ವೋಲ್ಟೇಜ್ ಕುಸಿದರೂ ಹರಿವು ಇಳಿಯುತ್ತದೆ. ತಯಾರಕರು ಒದಗಿಸುವ ನಕ್ಷೆಯಲ್ಲಿ 58 ಪಿಎಸ್‌ಐನಲ್ಲಿ ದೊರೆಯುವ ಹರಿವನ್ನು ನೋಡಿ, ಅವಶ್ಯಕತೆಗಿಂತ ಕಾಲು ಭಾಗದಷ್ಟಾದರೂ ಹೆಚ್ಚಿರುವ ಪಂಪನ್ನು ಆರಿಸುವುದು ಒಳಿತು. ಎಥೆನಾಲಿನಲ್ಲಿ ಶಕ್ತಿಯ ಅಂಶ ಕಡಿಮೆಯಿರುವುದರಿಂದ ಇ85 ಇಂಧನಕ್ಕೆ ಸುಮಾರು ಮೂರನೆಯ ಒಂದು ಭಾಗ ಅಧಿಕ ಹರಿವು ಬೇಕು. ಭಾರತದಲ್ಲಿ ಬಳಕೆಗೆ ಬಂದಿರುವ ಇ20 ಪೆಟ್ರೋಲಿಗೆ ಈ ಹೆಚ್ಚಳ ಅಲ್ಪವಾದರೂ, ಪಂಪು ಮತ್ತು ರಬ್ಬರ್ ಭಾಗಗಳು ಎಥೆನಾಲನ್ನು ತಾಳಬಲ್ಲವೇ ಎಂಬುದನ್ನು ಗಮನಿಸಬೇಕಾಗುತ್ತದೆ.

## ಪಂಪಿನ ಸ್ಥಾನ

ಅಧಿಕ ಒತ್ತಡದ ವಿದ್ಯುತ್ ಪಂಪು ಇಂಧನವನ್ನು ತಳ್ಳುವುದರಲ್ಲಿ ಸಮರ್ಥ, ಹೀರುವುದರಲ್ಲಿ ದುರ್ಬಲ. ಹೀರುವ ಕಡೆ ಒತ್ತಡ ಇಳಿದಾಗ ಪೆಟ್ರೋಲ್ ಕಡಿಮೆ ಉಷ್ಣಾಂಶದಲ್ಲೇ ಆವಿಯಾಗುತ್ತದೆ. ಪಂಪಿನೊಳಗೆ ಆವಿ ತುಂಬಿದರೆ ಹರಿವು ನಿಂತುಹೋಗುತ್ತದೆ. ಟ್ಯಾಂಕಿನೊಳಗೆ ಮುಳುಗಿರುವ ಪಂಪಿಗೆ ಈ ತೊಂದರೆ ಕಡಿಮೆ. ಸುತ್ತಲಿನ ಇಂಧನ ಅದನ್ನು ತಂಪಾಗಿಡುತ್ತದೆ, ಸದ್ದನ್ನೂ ತಗ್ಗಿಸುತ್ತದೆ. ಪಂಪನ್ನು ಹೊರಗೆ ಇರಿಸುವುದು ಅನಿವಾರ್ಯವಾದರೆ ಟ್ಯಾಂಕಿಗೆ ಸಮೀಪದಲ್ಲಿ, ಟ್ಯಾಂಕಿನ ತಳಕ್ಕಿಂತ ಕೆಳಗೆ, ಕಲ್ಲಿನ ಪೆಟ್ಟು ತಾಗದ ಹಾಗೂ ಸೈಲೆನ್ಸರ್ ಕೊಳವೆಯ ಬಿಸಿ ತಟ್ಟದ ಕಡೆ ಇರಿಸಬೇಕು.

## ಇಳಿಜಾರಿನ ಸಮಸ್ಯೆ

60 ಸೆಂಟಿಮೀಟರ್ ಉದ್ದ, 25 ಸೆಂಟಿಮೀಟರ್ ಆಳದ ಟ್ಯಾಂಕಿನಲ್ಲಿ ಅರ್ಧದಷ್ಟು ಇಂಧನವಿದೆ ಎಂದು ಭಾವಿಸೋಣ. ವಾಹನವು 30 ಡಿಗ್ರಿಯ ಏರನ್ನು ಹತ್ತುವಾಗ ಟ್ಯಾಂಕಿನ ಮಧ್ಯಕ್ಕೆ ಹೋಲಿಸಿದರೆ ಮುಂದಿನ ತುದಿಯಲ್ಲಿ ಇಂಧನದ ಮಟ್ಟ ಸುಮಾರು 17 ಸೆಂಟಿಮೀಟರ್ ತಗ್ಗಬೇಕು. ಅಲ್ಲಿರುವುದು ಕೇವಲ 12.5 ಸೆಂಟಿಮೀಟರ್ ಇಂಧನ. ಹೀಗಾಗಿ ಮುಂದಿನ ತುದಿ ಬರಿದಾಗುತ್ತದೆ. ಪಂಪು ಅಲ್ಲಿದ್ದರೆ ಅರ್ಧ ಟ್ಯಾಂಕ್ ಇಂಧನವಿದ್ದೂ ಎಂಜಿನ್ ನಿಲ್ಲುತ್ತದೆ.

ಇದಕ್ಕೆ ಮೂರು ಪರಿಹಾರಗಳು ಬಳಕೆಯಲ್ಲಿವೆ:

* ಟ್ಯಾಂಕಿನೊಳಗೆ ಅಡ್ಡಫಲಕಗಳನ್ನು ಕೂರಿಸಿ ಇಂಧನದ ತುಳುಕಾಟವನ್ನು ತಡೆಯುವುದು.
* ಪಂಪನ್ನು ಸಣ್ಣ ಬಟ್ಟಲಿನಂತಹ ಪಾತ್ರೆಯೊಳಗೆ ಇರಿಸಿ, ಪಂಪಿನ ಹರಿವಿನಿಂದಲೇ ನಡೆಯುವ ಜೆಟ್ ಪಂಪಿನ ನೆರವಿನಿಂದ ಆ ಪಾತ್ರೆಯನ್ನು ಸದಾ ತುಂಬಿಡುವುದು. ಅನೇಕ ಆಧುನಿಕ ಕಾರುಗಳಲ್ಲಿ ಈ ಏರ್ಪಾಡಿದೆ.
* ಸರ್ಜ್ ಟ್ಯಾಂಕ್ ಎಂಬ ಪ್ರತ್ಯೇಕ ಕಿರುತೊಟ್ಟಿಯನ್ನು ಅಳವಡಿಸುವುದು. ಕಡಿಮೆ ಒತ್ತಡದ ಪಂಪೊಂದು ಅದನ್ನು ತುಂಬಿಸುತ್ತದೆ. ಅಧಿಕ ಒತ್ತಡದ ಪಂಪು ಅದರ ತಳದಿಂದ ಎಂಜಿನ್ನಿಗೆ ಇಂಧನ ಕಳುಹಿಸುತ್ತದೆ.

ಮೇಲಿನ ಲೆಕ್ಕದ ಎಂಜಿನ್ ಪೂರ್ಣಶಕ್ತಿಯಲ್ಲಿ ನಿಮಿಷಕ್ಕೆ ಸುಮಾರು 1.5 ಲೀಟರ್ ಬಳಸುತ್ತದೆ. ಆದುದರಿಂದ 1.5 ಲೀಟರಿನ ಸರ್ಜ್ ಟ್ಯಾಂಕ್ ಒಂದು ನಿಮಿಷದ ಆಸರೆ ನೀಡುತ್ತದೆ. ಬಂಡೆಗಳ ಮೇಲೆ ನಿಧಾನವಾಗಿ ಸಾಗುವಾಗ ಬಳಕೆ ಬಹಳ ಕಡಿಮೆಯಾಗಿ ಅದೇ ಪ್ರಮಾಣ ಹಲವು ನಿಮಿಷ ಬಾಳುತ್ತದೆ. ಆದರೆ ರೆಗ್ಯುಲೇಟರಿನಿಂದ ಮರಳುವ ಇಂಧನವು ಸರ್ಜ್ ಟ್ಯಾಂಕಿಗೇ ಸೇರಬೇಕು. ಅದನ್ನು ಮುಖ್ಯ ಟ್ಯಾಂಕಿಗೆ ಬಿಟ್ಟರೆ, ಗಂಟೆಗೆ 200 ಲೀಟರ್ ಸಾಗಿಸುವ ಪಂಪು ಅರ್ಧ ನಿಮಿಷದೊಳಗೆ ಕಿರುತೊಟ್ಟಿಯನ್ನು ಬರಿದುಮಾಡುತ್ತದೆ.

## ಕೊಳವೆ, ವಿದ್ಯುತ್ ಮತ್ತು ಸುರಕ್ಷತೆ

ಕಾರ್ಬ್ಯುರೇಟರ್ ಕಾಲದ ರಬ್ಬರ್ ಕೊಳವೆಗಳನ್ನು ಇಂಜೆಕ್ಷನ್ ಒತ್ತಡಕ್ಕೆ ಬಳಸಬಾರದು. ಎಸ್‌ಎಇ ಮಾನದಂಡದಲ್ಲಿ ಜೆ30 ಆರ್7 ಎಂಬುದು ಕಡಿಮೆ ಒತ್ತಡದ ಕೊಳವೆ. ಆರ್9 ಇಂಜೆಕ್ಷನ್ ಒತ್ತಡಕ್ಕೆ ತಕ್ಕದ್ದು. ಟ್ಯಾಂಕಿನೊಳಗೆ ಇಂಧನದಲ್ಲಿ ಮುಳುಗಿರುವ ಕೊಳವೆಗೆ ಆರ್10 ಬೇಕು. ಹೊರಮೈ ಇಂಧನವನ್ನು ತಾಳದ ಕೊಳವೆ ಟ್ಯಾಂಕಿನೊಳಗೆ ಕಾಲಕ್ರಮದಲ್ಲಿ ಮೆತ್ತಗಾಗಿ ಸೀಳುತ್ತದೆ. ಹೊರಗೆ ಸೋರಿಕೆ ಕಾಣದೆ ಒತ್ತಡ ಮಾತ್ರ ಕುಸಿಯುವುದರಿಂದ ಈ ದೋಷವನ್ನು ಪತ್ತೆ ಹಚ್ಚುವುದು ಕಷ್ಟ.

ಪಂಪಿಗೆ ಪ್ರತ್ಯೇಕ ಫ್ಯೂಸ್, ರಿಲೇ, ದಪ್ಪ ತಂತಿ ಹಾಗೂ ಭದ್ರವಾದ ಅರ್ಥಿಂಗ್ ಇರಬೇಕು. ರಿಲೇಯನ್ನು ಎಂಜಿನ್ನಿನ ಕಂಪ್ಯೂಟರೇ ನಿಯಂತ್ರಿಸುವುದು ಉತ್ತಮ. ಕೀಲಿ ತಿರುಗಿಸಿದಾಗ ಅದು ಸುಮಾರು ಎರಡು ಸೆಕೆಂಡು ಪಂಪನ್ನು ಓಡಿಸಿ ನಿಲ್ಲಿಸುತ್ತದೆ. ಎಂಜಿನ್ ತಿರುಗುತ್ತಿದ್ದರೆ ಮಾತ್ರ ಮುಂದುವರಿಸುತ್ತದೆ. ಕೀಲಿಗೆ ನೇರವಾಗಿ ಜೋಡಿಸಿದ ಪಂಪು ಅಪಘಾತದ ನಂತರವೂ ಓಡುತ್ತಲೇ ಇರುತ್ತದೆ. ಢಿಕ್ಕಿಯಾದಾಗ ವಿದ್ಯುತ್ತನ್ನು ಕಡಿಯುವ ಇನರ್ಷಿಯಾ ಸ್ವಿಚ್ ಮತ್ತು ಮಗುಚಿದಾಗ ಟ್ಯಾಂಕಿನ ಗಾಳಿಕೊಳವೆಯನ್ನು ಮುಚ್ಚುವ ಕವಾಟ ಹೆಚ್ಚಿನ ರಕ್ಷಣೆ ನೀಡುತ್ತವೆ.

## ಪರೀಕ್ಷೆ

ಕೆಲಸ ಮುಗಿದ ಮೇಲೆ ಒತ್ತಡಮಾಪಕವನ್ನು ಎಂಜಿನ್ನಿನ ಬಳಿ ಜೋಡಿಸಿ ನೋಡಬೇಕು. ನಿಂತಲ್ಲಿ ಮಾತ್ರವಲ್ಲದೆ ಭಾರ ಹೊತ್ತು ಓಡುವಾಗಲೂ ಒತ್ತಡ ಸ್ಥಿರವಾಗಿರಬೇಕು. ಭಾರದಲ್ಲಿ ಒತ್ತಡ ಕುಸಿದರೆ ಪಂಪನ್ನು ಬದಲಿಸುವ ಮೊದಲು ಅದರ ತುದಿಯಲ್ಲಿನ ವೋಲ್ಟೇಜನ್ನೂ ಫಿಲ್ಟರನ್ನೂ ಪರೀಕ್ಷಿಸುವುದು ಸೂಕ್ತ. ಕಾಲು ಭಾಗ ಮಾತ್ರ ತುಂಬಿದ ಟ್ಯಾಂಕಿನೊಡನೆ ಸುರಕ್ಷಿತವಾದ ಇಳಿಜಾರಿನಲ್ಲಿ ವಾಹನವನ್ನು ನಾಲ್ಕೂ ದಿಕ್ಕಿಗೆ ನಿಲ್ಲಿಸಿ ಎಂಜಿನ್ ಓಡಿಸಿದರೆ, ಇಂಧನ ಯಾವ ಕಡೆಯ ವಾಲುವಿಕೆಯಲ್ಲಿ ತಪ್ಪುತ್ತದೆ ಎಂಬುದು ಕಾಡುದಾರಿಗೆ ಹೊರಡುವ ಮೊದಲೇ ತಿಳಿಯುತ್ತದೆ.