ಹಾಸಿಗೆ ಹೊತ್ತವರು

ಚಳಿಗಾಲದ ರಜೆ ಬಂತೆಂದರೆ ಗುಜರಾತಿನಲ್ಲಿ ನೆಲೆಸಿರುವ ನಮ್ಮವರ ಕಾರುಗಳ ಡಿಕ್ಕಿಯಲ್ಲಿ ಈಗ ಹೊಸದೊಂದು ಸಾಮಾನು ಕಾಣಿಸುತ್ತದೆ. ಅದು ಮಡಿಸಿದರೆ ಕೈಚೀಲದಷ್ಟಾಗುವ ಗಾಳಿ ಹಾಸಿಗೆ. ವಟ್ವಾದಿಂದ ಹೊರಟು ಸಾಬರಕಾಂಠಾ ಜಿಲ್ಲೆಯ ಪೋಲೊ ಕಾಡನ್ನೋ ಸಾಪುತಾರಾ ಬೆಟ್ಟವನ್ನೋ ಸೇರಿ, ಡೇರೆ ಹಾಕಿ, ಕಾರಿನ ಬ್ಯಾಟರಿಯಿಂದ ಸಣ್ಣ ಪಂಪೊಂದನ್ನು ನಡೆಸಿದರೆ ಆಯಿತು; ರಾತ್ರಿಯ ನಿದ್ದೆಗೆ ಏರ್ಪಾಡು ಮುಗಿಯಿತು. ಪೋಲೊ ಕಾಡಿರುವ ತಾಲೂಕಿನ ಹೆಸರು ವಿಜಯನಗರವೆಂದು ಕೇಳಿ ನಮ್ಮ ಕನ್ನಡದ ಮನಸ್ಸು ಹಿಗ್ಗುವುದು ಬೇರೆ ಮಾತು.

ಇದರಲ್ಲಿ ಇತಿಹಾಸವೇನು ಬಂತು ಎಂದು ಓದುಗರು ಕೇಳಬಹುದು. ಬಯಲಿನಲ್ಲಿ ಮೆತ್ತಗೆ ಮಲಗಬೇಕೆಂಬ ಆಸೆ ಹಳೆಯದು. ಆ ಮೆತ್ತನೆಯನ್ನು ಹೊತ್ತವರು ಯಾರು ಎಂಬ ಪ್ರಶ್ನೆಯೂ ಅಷ್ಟೇ ಹಳೆಯದು. ನಮ್ಮ ವಟ್ವಾದಿಂದಲೇ ಅದನ್ನು ಕೇಳತೊಡಗಬಹುದು.

1452ರಲ್ಲಿ ತೀರಿಕೊಂಡ ಸಂತ ಕುತ್ಬ್-ಎ-ಆಲಮರ ಸಮಾಧಿ ವಟ್ವಾದಲ್ಲಿದೆ. ಜಹಾಂಗೀರ ಬಾದಶಹನು ಖಂಭಾತದಲ್ಲಿ ಕಡಲು ನೋಡಿಕೊಂಡು 1618ರ ಆರಂಭದಲ್ಲಿ ಅಹಮದಾಬಾದಿಗೆ ಬರುವಾಗ ದಾರಿಯಲ್ಲಿ ಈ ಸಮಾಧಿಗೆ ಹೋಗಿದ್ದನ್ನು ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಅವನ ಡೇರೆಗಳು ಕಾಂಕರಿಯಾ ಕೆರೆಯ ದಂಡೆಯ ಮೇಲೆ ಎದ್ದವು. ಊರು ಅವನಿಗೆ ಹಿಡಿಸಲಿಲ್ಲ. ಧೂಳಿನ ಊರು ಎಂಬರ್ಥದಲ್ಲಿ 'ಗರ್ದಾಬಾದ್' ಎಂದು ಅಡ್ಡಹೆಸರಿಟ್ಟ.

ಅಂಥ ಬಿಡಾರವೊಂದು ಏಳಬೇಕಾದರೆ ಎಷ್ಟು ಹೊರೆ ಬೇಕು? ಜಹಾಂಗೀರನ ತಂದೆ ಅಕ್ಬರನ ಕಾಲದ ಲೆಕ್ಕವನ್ನು ಅಬುಲ್ ಫಜಲ್ 'ಐನ್-ಇ-ಅಕ್ಬರಿ'ಯಲ್ಲಿ ಕೊಟ್ಟಿದ್ದಾನೆ: 100 ಆನೆ, 500 ಒಂಟೆ, 400 ಗಾಡಿ, 100 ಮಂದಿ ಹೊರೆಯಾಳು. ಒಂದು ಬಿಡಾರದಲ್ಲಿ ದೊರೆ ಮಲಗಿರುವಾಗಲೇ ಮುಂದಿನ ತಂಗುದಾಣದಲ್ಲಿ ಅಂಥದೇ ಇನ್ನೊಂದು ಸಿದ್ಧವಾಗುತ್ತಿತ್ತು. ಗ್ರಂಥಗಳಲ್ಲಿ ಆನೆಗಳ ಎಣಿಕೆಯುಂಟು, ಒಂಟೆಗಳ ಎಣಿಕೆಯುಂಟು. ಹೊರೆಯಾಳುಗಳು ಎಲ್ಲಿ ಮಲಗಿದರೆಂಬ ಮಾತನ್ನು ಮಾತ್ರ ಹುಡುಕಿಯೇ ತೆಗೆಯಬೇಕು.

ಸ್ವಾರಸ್ಯದ ಸಂಗತಿಯೆಂದರೆ, ಇದೇ ಜಹಾಂಗೀರನ ಅಜ್ಜನ ಪ್ರಾಣ ಉಳಿಸಿದ್ದು ಆನೆಯೂ ಅಲ್ಲ, ಒಂಟೆಯೂ ಅಲ್ಲ, ಒಂದಿಷ್ಟು ಗಾಳಿ. 1539ರಲ್ಲಿ ಚೌಸಾ ಕದನದಲ್ಲಿ ಶೇರ್ ಖಾನನಿಗೆ ಸೋತು ಗಂಗೆಗೆ ಬಿದ್ದ ಹುಮಾಯೂನನನ್ನು ನಿಜಾಮನೆಂಬ ನೀರು ಹೊರುವ ಭಿಸ್ತಿ ತನ್ನ ತೊಗಲ ಚೀಲವನ್ನು ಉಬ್ಬಿಸಿಕೊಟ್ಟು ದಡ ಸೇರಿಸಿದ. ಅದಕ್ಕೆ ಪ್ರತಿಯಾಗಿ ಹುಮಾಯೂನನು ಅವನನ್ನು ಸ್ವಲ್ಪ ಕಾಲ ಸಿಂಹಾಸನದ ಮೇಲೆ ಕೂರಿಸಿದನೆಂಬ ಕಥೆ ಪ್ರಸಿದ್ಧವಾಗಿದೆ. ಈ ಉಪಾಯವೇನೂ ಹೊಸದಾಗಿರಲಿಲ್ಲ. ಕ್ರಿಸ್ತಪೂರ್ವ 9ನೆಯ ಶತಮಾನದ ಅಸ್ಸೀರಿಯಾದ ಶಿಲ್ಪಗಳಲ್ಲಿ ಸೈನಿಕರು ಉಬ್ಬಿಸಿದ ತೊಗಲುಗಳ ಮೇಲೆ ಹೊಳೆ ದಾಟುತ್ತಿದ್ದಾರೆ. ನಮ್ಮ ಕಮ್ಮಾರನ ತಿದಿಯೂ ಇದೇ ವಿದ್ಯೆಯ ಇನ್ನೊಂದು ಮುಖ. ತೊಗಲಿನಲ್ಲಿ ಗಾಳಿ ಹಿಡಿಯುವುದು ದುಡಿಯುವವರ ಜಾಣತನವಾಗಿತ್ತು. ದೊರೆಗಳ ಸುಪ್ಪತ್ತಿಗೆಗೆ ಅದು ಏರಲಿಲ್ಲ.

ಮೊಗಲರು ಹೋಗಿ ಬ್ರಿಟಿಷರು ಬಂದರೂ ಹೊರೆ ತಪ್ಪಲಿಲ್ಲ. ಸಾಹೇಬರು ಜಿಲ್ಲಾ ಪ್ರವಾಸ ಹೊರಟರೆ ಡೇರೆ, ಮಂಚ, ಪಾತ್ರೆಪಗಡಿಗಳಿಗೆ ಹಳ್ಳಿಗರೇ ಗಾಡಿ, ಎತ್ತು, ಆಳು ಒದಗಿಸಬೇಕಾಗಿತ್ತು. ಕನ್ನಡದಲ್ಲಿ ಬಿಟ್ಟಿ ಬೇಗಾರಿ ಎನ್ನುವುದನ್ನು ಗುಜರಾತಿಗಳು 'ವೇಠ್' ಎಂದರು. 1917ರ ನವೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಗೋಧ್ರಾದಲ್ಲಿ ಗುಜರಾತ್ ರಾಜಕೀಯ ಪರಿಷತ್ತು ಸೇರಿತು. ಅದರ ಕಾರ್ಯಸಮಿತಿಯ ಕಾರ್ಯದರ್ಶಿಯಾದ ವಲ್ಲಭಭಾಯಿ ಪಟೇಲರು ಮೊದಲು ಕೈಗೆತ್ತಿಕೊಂಡ ಕೆಲಸಗಳಲ್ಲಿ ಈ ಬಿಟ್ಟಿಯ ನಿವಾರಣೆಯೂ ಒಂದು. ಒಬ್ಬರ ಸುಖನಿದ್ದೆಗೆ ಇನ್ನೊಬ್ಬರ ಬೆನ್ನು ಬಾಗಬೇಕೆಂಬ ಪದ್ಧತಿಗೆ ಈ ನೆಲದಲ್ಲಿ ಬಿದ್ದ ದೊಡ್ಡ ಪೆಟ್ಟು ಅದು.

ಅಷ್ಟರಲ್ಲಿ ತೊಗಲಿನ ಜಾಗಕ್ಕೆ ರಬ್ಬರು ಬಂದಿತ್ತು. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಗಂಧಕ ಬೆರೆಸಿ ಕಾಯಿಸಿ ರಬ್ಬರನ್ನು ಗಟ್ಟಿಮಾಡುವ ಕ್ರಮ ಕಂಡುಕೊಂಡ. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟಯರು ಮಾಡಿದ. ನಮ್ಮಲ್ಲಿ ಸುರೇಂದ್ರ ಮೋಹನ ಬೋಸರು 1920ರಲ್ಲಿ ಕಲಕತ್ತೆಯಲ್ಲಿ ಆರಂಭಿಸಿದ ಬೆಂಗಾಲ್ ವಾಟರ್‌ಪ್ರೂಫ್ ಕಾರ್ಖಾನೆಯ 'ಡಕ್‌ಬ್ಯಾಕ್' ಸಾಮಾನುಗಳು ಮನೆಮಾತಾದವು. ಹೋಲ್ಡಾಲಿನಲ್ಲಿ ಹಾಸಿಗೆ ಸುತ್ತಿ, ಬಾಯಿಂದ ಊದಿದ ಗಾಳಿದಿಂಬಿಗೆ ತಲೆಯಿಟ್ಟು ರೈಲಿನಲ್ಲಿ ಊರಿಗೂ ಇಲ್ಲಿಗೂ ಓಡಾಡಿದ ಹಿರಿಯರು ನಮ್ಮಲ್ಲಿ ಹಲವರಿದ್ದಾರೆ.

ಈಗ ಉಸಿರಿನ ಕೆಲಸವನ್ನು ಕಾರಿನ 12 ವೋಲ್ಟಿನ ಬ್ಯಾಟರಿ ವಹಿಸಿಕೊಂಡಿದೆ. ಹಿಂದೆ ಸಿಗರೇಟು ಹೊತ್ತಿಸಲೆಂದು ಇಟ್ಟ ತೂತಿಗೇ ಪಂಪಿನ ತಂತಿ ಸಿಕ್ಕಿಸುವುದು. ಆದರೆ ಟಯರಿನ ಪಂಪು ಬೇರೆ, ಹಾಸಿಗೆಯ ಪಂಪು ಬೇರೆ. ಟಯರಿಗೆ ಚದರಂಗುಲಕ್ಕೆ 30 ಪೌಂಡಿನಷ್ಟು ಒತ್ತಡ ಬೇಕು, ಗಾಳಿ ಕೊಂಚ ಸಾಕು. ಇಬ್ಬರು ಮಲಗುವ ಹಾಸಿಗೆ ನೂರಾರು ಲೀಟರ್ ಗಾಳಿ ನುಂಗುತ್ತದೆ, ಒತ್ತಡ ಮಾತ್ರ ಅಲ್ಪ. ಆದ್ದರಿಂದ ಟಯರಿನ ಪಂಪಿನಿಂದ ಹೊರಟರೆ ಹೊತ್ತು ಹೋಗುತ್ತದೆ. ಅಗಲ ಬಾಯಿಯ ಹಾಸಿಗೆ ಪಂಪು ಕೆಲವೇ ನಿಮಿಷಗಳಲ್ಲಿ ತುಂಬುತ್ತದೆ.

ಹೊರಡುವವರಿಗೆ ಎರಡು ಮಾತು. ಪಂಪು ನಡೆಸಲೆಂದು ಡೇರೆಯ ಬಾಗಿಲಲ್ಲಿ ಎಂಜಿನು ಓಡಿಸುತ್ತ ಕೂಡಬಾರದು. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರನ್ನು ಮಲಗಿದಲ್ಲೇ ಮುಗಿಸಬಲ್ಲದು. ಕಾರನ್ನು ದೂರದಲ್ಲಿಟ್ಟು ಹಾಸಿಗೆ ತುಂಬಿ ಒಳಗೆ ತರುವುದು ಲೇಸು. ಎರಡನೆಯದಾಗಿ, ಚಳಿಗೆ ಒಳಗಿನ ಗಾಳಿ ಕುಗ್ಗಿ ನಡುರಾತ್ರಿಗೆ ಹಾಸಿಗೆ ಸಡಿಲವಾಗುತ್ತದೆ, ನೆಲದ ತಣ್ಪೂ ಮೇಲೇರುತ್ತದೆ. ತೂತು ಬಿತ್ತೆಂದು ಗಾಬರಿಯಾಗದೆ ಮೇಲೊಂದು ಊರ ಕಂಬಳಿ ಹಾಸಿಕೊಂಡರೆ ಸರಿ.

ಬಾದಶಹನ ಹಾಸಿಗೆ ಆನೆಯ ಮೇಲೆ ಬಂತು, ಸಾಹೇಬನದು ಬಡವನ ಎತ್ತಿನ ಮೇಲೆ. ವಟ್ವಾದ ಕಾರ್ಖಾನೆಯಲ್ಲಿ ದುಡಿಯುವವನದು ಅವನ ಚೀಲದಲ್ಲೇ ಇದೆ, ಅದರೊಳಗಿನ ಮೆತ್ತನೆ ಹೋದ ಕಡೆ ಸಿಗುತ್ತದೆ. ಯಾರ ಬೆನ್ನಿಗೂ ಭಾರವಾಗದ ಹಾಸಿಗೆಯ ಮೇಲೆ ಬರುವ ನಿದ್ದೆ ಒಳ್ಳೆಯ ನಿದ್ದೆಯೇ ಆಗಿರಬೇಕು ಎಂದು ನಾವು ನಂಬಿದ್ದೇವೆ.